ಚಿತ್ರದಲ್ಲಿ ಇಲ್ಲದವರು ಯಾರು?

ಕಾಲೇಜಿಗೆ ಹೋಗುವ ಮಕ್ಕಳಿಗೆ ಈಗ ಮಾಧ್ಯಮ ಅಧ್ಯಯನವೆಂಬ ಒಂದು ಪಾಠವುಂಟು. ಹಾಡಿನ ವಿಡಿಯೋಗಳನ್ನೂ, ಆಲ್ಬಂಗಳ ಹೊದಿಕೆಯ ಚಿತ್ರಗಳನ್ನೂ ಪರೀಕ್ಷಿಸಿ ಪ್ರಬಂಧ ಬರೆದು ತರಬೇಕೆಂದು ಅದರಲ್ಲಿ ಹೇಳುತ್ತಾರೆ. ಇದನ್ನು ಕೇಳಿದ ಗಿರಣಿಯ ತಂದೆ, ಅಂಗಡಿಯಲ್ಲಿ ತಕ್ಕಡಿ ಹಿಡಿದ ತಂದೆ, ಇಬ್ಬರ ಬಾಯಲ್ಲೂ ಒಂದೇ ಪ್ರಶ್ನೆ: "ಫೀಜು ಕಟ್ಟಿ ಕಳಿಸಿದ್ದು ಹಾಡು ನೋಡುವುದಕ್ಕೇನು?" ನಮ್ಮ ಪಕ್ಷದ ಗೆಳೆಯರಲ್ಲಿಯೂ ಕೆಲವರು, ಇದು ಹೊಟ್ಟೆ ತುಂಬಿದವರ ಹವ್ಯಾಸ, ಬೋನಸ್ಸು ಬಾಕಿ ಇರುವವರಿಗೆ ಇದರಿಂದ ಏನಾಗಬೇಕು ಎನ್ನುತ್ತಾರೆ.

ನಾವು ಈ ಮಾತನ್ನು ಒಪ್ಪುವುದಿಲ್ಲ. ಈ ಪಾಠ ಬೇಕು. ಆದರೆ ಅದನ್ನು ಕಲಿಸುವ ರೀತಿ ಸಾಲದು. ಬಣ್ಣ ಯಾವುದು, ಬೆಳಕು ಎತ್ತಲಿಂದ ಬಿತ್ತು, ಕ್ಯಾಮೆರಾ ಎಲ್ಲಿ ನಿಂತಿತ್ತು, ಉಡುಪು ಏನನ್ನು ಸೂಚಿಸುತ್ತದೆ ಎಂದು ಕೇಳಿ ಪಾಠ ಮುಗಿಸುತ್ತಾರೆ. ಕೇಳಬೇಕಾದ ಮೊದಲನೆಯ ಪ್ರಶ್ನೆ ಬೇರೆ. ಈ ಚಿತ್ರದಲ್ಲಿ ಇರಬೇಕಾಗಿದ್ದು ಇಲ್ಲದವರು ಯಾರು? ಅವರನ್ನು ತೆಗೆದವರು ಯಾರು? ತೆಗೆದುದರಿಂದ ಯಾರಿಗೆ ಲಾಭ?

ಅಂಗಡಿಯವರಿಗೆ ಗೊತ್ತಿರುವ ವಿದ್ಯೆ

ಇದು ನಮ್ಮ ವಾಚಕರಿಗೆ ಹೊಸದಲ್ಲ. ಮ್ಯಾಂಚೆಸ್ಟರಿನ ಬಟ್ಟೆ ಈ ದೇಶಕ್ಕೆ ಬರುತ್ತಿದ್ದ ಕಾಲದಲ್ಲಿ ಥಾನಿನ ಮೇಲೆ ಬಣ್ಣದ ಚೀಟಿ ಅಂಟಿಸಿ ಕಳಿಸುತ್ತಿದ್ದರು. ಚೀಟಿಯಲ್ಲಿ ನಮ್ಮ ದೇವರುಗಳೇ ಇರುತ್ತಿದ್ದರು. ಕೊಳ್ಳುವವನು ದೇವರನ್ನು ನೋಡಿ ಕೈಮುಗಿದು ಬಟ್ಟೆ ಕೊಂಡ. ಅದನ್ನು ನೇಯ್ದ ಲ್ಯಾಂಕಾಶೈರಿನ ಕೂಲಿಯ ಮುಖ ಚೀಟಿಯಲ್ಲಿ ಇರಲಿಲ್ಲ. ಆ ಬಟ್ಟೆಯಿಂದ ಮಗ್ಗ ನಿಂತುಹೋದ ನಮ್ಮ ನೇಕಾರನ ಮುಖವಂತೂ ಇರಲು ಸಾಧ್ಯವೇ ಇರಲಿಲ್ಲ. ಬೀಡಿ ಕಟ್ಟಿನ ಲೇಬಲ್ಲುಗಳನ್ನು ನೋಡಿರಿ. ಎಷ್ಟೋ ಲೇಬಲ್ಲುಗಳ ಮೇಲೆ ಮಾಲೀಕರ ಭಾವಚಿತ್ರವಿದೆ. ಮನೆಯ ಜಗಲಿಯಲ್ಲಿ ಕುಳಿತು ಸಾವಿರ ಬೀಡಿ ಸುತ್ತಿದ ಹೆಂಗಸಿನ ಚಿತ್ರ ಯಾವ ಕಟ್ಟಿನ ಮೇಲಿದೆ? ಹಾಡಿನ ಹೊದಿಕೆಯೂ ಇಂಥದೇ ಒಂದು ಲೇಬಲ್ಲು. ಅದು ಹೆಚ್ಚು ಚೆಂದವಾಗಿದೆ, ಅಷ್ಟೆ.

ಮೊದಮೊದಲು ಗ್ರಾಮೊಫೋನು ಪ್ಲೇಟುಗಳನ್ನು ಬರಿಯ ಕಂದು ಕಾಗದದ ಚೀಲದಲ್ಲಿ, ಇಲ್ಲವೆ ಬಣ್ಣವಿಲ್ಲದ ರಟ್ಟಿನಲ್ಲಿ ಇಟ್ಟು ಮಾರುತ್ತಿದ್ದರು. ಅಮೆರಿಕದ ಕೊಲಂಬಿಯಾ ಕಂಪನಿಯಲ್ಲಿ ಅಲೆಕ್ಸ್ ಸ್ಟೈನ್‌ವೈಸ್ ಎಂಬ ತರುಣ ಚಿತ್ರಗಾರ 1940ರ ಸುಮಾರಿಗೆ, ರಟ್ಟಿನ ಮೇಲೆ ಚಿತ್ರ ಬರೆದರೆ ಮಾಲು ಹೆಚ್ಚು ಹೋಗುತ್ತದೆಂದು ಮಾಲೀಕರಿಗೆ ಮನಗಾಣಿಸಿದ. ಮಾಲು ಹೋಯಿತು. 1948ರಲ್ಲಿ ಹೆಚ್ಚು ಹೊತ್ತು ಹಾಡುವ ಹನ್ನೆರಡು ಅಂಗುಲದ ಪ್ಲೇಟು ಬಂದ ಮೇಲೆ ಚಿತ್ರಕ್ಕೆ ಒಂದು ಅಡಿ ಚದರ ಜಾಗ ಸಿಕ್ಕಿತು. ಹೀಗೆ ಹುಟ್ಟಿದ್ದು ಈ ಕಲೆ. ಇದರಲ್ಲಿ ಒಳ್ಳೆಯ ಕಲೆಗಾರರು ದುಡಿದಿದ್ದಾರೆ, ಒಳ್ಳೆಯ ಚಿತ್ರಗಳೂ ಬಂದಿವೆ. ಆದರೆ ಇದರ ಜನ್ಮ ಅಂಗಡಿಯಲ್ಲಿ ಆಯಿತೆಂಬುದನ್ನು ಮರೆಯಬಾರದು.

ನಾಯಿಯ ಮುಂದಿನ ಯಂತ್ರ

ಗ್ರಾಮೊಫೋನಿನ ಮುಂದೆ ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವನ್ನು ಬಲ್ಲದ ಮನೆ ನಮ್ಮಲ್ಲಿ ಕಡಿಮೆ. ಅದನ್ನು ಬರೆದವನು ಇಂಗ್ಲೆಂಡಿನ ಫ್ರಾನ್ಸಿಸ್ ಬರೌಡ್. ಅವನು ಮೊದಲು ಬರೆದ ಚಿತ್ರದಲ್ಲಿ ನಾಯಿಯ ಮುಂದೆ ಇದ್ದದ್ದು ಗ್ರಾಮೊಫೋನು ಅಲ್ಲ, ಎಡಿಸನ್ ಪದ್ಧತಿಯ ಸಿಲಿಂಡರ್ ಯಂತ್ರ. 1899ರಲ್ಲಿ ಗ್ರಾಮೊಫೋನ್ ಕಂಪನಿಯವರು, ಆ ಯಂತ್ರವನ್ನು ಅಳಿಸಿ ತಮ್ಮ ಯಂತ್ರವನ್ನು ಬರೆದುಕೊಟ್ಟರೆ ಚಿತ್ರ ಕೊಳ್ಳುವೆವೆಂದರು. ಚಿತ್ರಗಾರ ಹಳೆಯ ಯಂತ್ರದ ಮೇಲೆ ಹೊಸದನ್ನು ಬರೆದ. ಚಿತ್ರಕ್ಕೂ ಹಕ್ಕಿಗೂ ಸೇರಿ 100 ಪೌಂಡು ಕೊಟ್ಟರು. ಆ ಚಿತ್ರದಿಂದ ಕಂಪನಿ ಪ್ರಪಂಚದ ಮೂಲೆಮೂಲೆಯಲ್ಲಿ ಹೆಸರು ಮಾಡಿತು. ನಾಯಿಯ ನಿಷ್ಠೆಯನ್ನು ಕಂಡು ನಾವೆಲ್ಲ ಮೆಚ್ಚಿದೆವು. ಆ ನಿಷ್ಠೆ ಯಾವ ಯಂತ್ರಕ್ಕೆ ಎಂಬುದನ್ನು ತೀರ್ಮಾನಿಸಿದ್ದು ಕಂಪನಿ.

ಮಾರ್ಕ್ಸ್ ಉಳಿದರು, ಗಾಂಧೀಜಿ ಹೋದರು

ಎರಡನೆಯ ಉದಾಹರಣೆ 1967ರದು. ಇಂಗ್ಲೆಂಡಿನ ಬೀಟಲ್ಸ್ ಎಂಬ ನಾಲ್ವರು ಹಾಡುಗಾರರ 'ಸಾರ್ಜೆಂಟ್ ಪೆಪರ್' ಆಲ್ಬಂನ ಹೊದಿಕೆ ಪ್ರಪಂಚದಲ್ಲೆಲ್ಲ ಹೆಸರಾಯಿತು. ಕಾಲೇಜಿನ ಪಾಠಗಳಲ್ಲಿ ಇದರ ಮಾತು ಬಂದೇ ಬರುತ್ತದೆ. ಬಣ್ಣದ ಬ್ಯಾಂಡಿನ ಉಡುಪು ತೊಟ್ಟ ನಾಲ್ವರ ಹಿಂದೆ ಹೆಸರಾಂತರ ಒಂದು ಗುಂಪೇ ನಿಂತಿದೆ. ಸಿನಿಮಾ ನಟರು, ಲೇಖಕರು, ಹಾಸ್ಯಗಾರರು ಇದ್ದಾರೆ. ಭಾರತದ ಯೋಗಿಗಳು ಇದ್ದಾರೆ. ಕಾರ್ಲ್ ಮಾರ್ಕ್ಸರೂ ಇದ್ದಾರೆ.

ಮಹಾತ್ಮಾ ಗಾಂಧಿಯವರೂ ಅಲ್ಲಿ ಇದ್ದರು. ಅವರ ಚಿತ್ರವನ್ನು ಕತ್ತರಿಸಿ ಗುಂಪಿನಲ್ಲಿ ನಿಲ್ಲಿಸಿ ಛಾಯಾಚಿತ್ರ ತೆಗೆದದ್ದೂ ಆಗಿತ್ತು. ಆದರೆ ಹಾಡು ಹೊರತರುವ ಇ.ಎಂ.ಐ. ಕಂಪನಿಯ ಮುಖ್ಯಸ್ಥ ಸರ್ ಜೋಸೆಫ್ ಲಾಕ್‌ವುಡ್ ಅವರನ್ನು ತೆಗೆಯಬೇಕೆಂದು ಹಟ ಹಿಡಿದ. ಭಾರತದಲ್ಲಿ ಜನ ಬೇಸರಪಟ್ಟುಕೊಂಡರೆ ಅಲ್ಲಿನ ವ್ಯಾಪಾರಕ್ಕೆ ಧಕ್ಕೆ ಎಂಬುದು ಅವನ ಭಯ. ಕಲ್ಕತ್ತೆಯ ಡಂಡಂನಲ್ಲಿ ಆ ಸಂಸ್ಥೆಯ ಪ್ಲೇಟಿನ ಕಾರ್ಖಾನೆ ಇತ್ತೆಂಬುದನ್ನು ಇಲ್ಲಿ ನೆನೆಯಬೇಕು. ಗಾಂಧೀಜಿಯವರನ್ನು ಚಿತ್ರದಿಂದ ಅಳಿಸಿದರು.

ಭಕ್ತಿಯಿಂದ ತೆಗೆದರೆಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ಭಕ್ತಿಗೆ ಮಾರುಕಟ್ಟೆಯ ಬೆಲೆ ಕಟ್ಟಿ ತೆಗೆದರು. ಬಂಡವಾಳದ ಶತ್ರುವಾದ ಮಾರ್ಕ್ಸರ ಗಡ್ಡದಿಂದ ಯಾವ ಕಾರ್ಖಾನೆಗೂ ನಷ್ಟ ಕಾಣಲಿಲ್ಲ, ಆದುದರಿಂದ ಅವರು ಉಳಿದರು! ಈ ಸಂಗತಿ ತಿಳಿಯದೆ ಬರಿಯ ಬಣ್ಣಗಳನ್ನು ಎಣಿಸುವ ವಿದ್ಯಾರ್ಥಿ ಆ ಚಿತ್ರವನ್ನು ನೋಡಿಯೂ ನೋಡಿದಂತೆ ಆಗಲಿಲ್ಲ.

ಅದೇ ಹೊದಿಕೆಯ ಇನ್ನೊಂದು ಮಾತು. ಅದನ್ನು ಕಟ್ಟಿದವರು ಪೀಟರ್ ಬ್ಲೇಕ್ ಮತ್ತು ಜ್ಯಾನ್ ಹಾವರ್ಥ್ ಎಂಬ ದಂಪತಿಗಳು. ಅವರಿಗೆ ಸಂದ ಸಂಭಾವನೆ 200 ಪೌಂಡು. ಪ್ಲೇಟು ಮಾರಿ ಬಂದ ಹಣದ ಮುಂದೆ ಇದು ಎಷ್ಟರದೆಂದು ವ್ಯಾಪಾರಸ್ಥರೇ ಲೆಕ್ಕ ಹಾಕಲಿ. ಇಬ್ಬರೂ ಕೂಡಿ ದುಡಿದರೂ ಜನರ ನಾಲಿಗೆಯ ಮೇಲೆ ಹೆಚ್ಚಾಗಿ ಉಳಿದದ್ದು ಗಂಡನ ಹೆಸರು. ಗಿರಣಿಯ ರೀಲಿಂಗ್ ಖಾತೆಯಲ್ಲಿ ದುಡಿದ ನಮ್ಮ ಅಕ್ಕಂದಿರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಕಿಟಕಿಯಲ್ಲಿ ಕಾಣದವರು

ರಟ್ಟಿನ ಚಿತ್ರದಿಂದ ಚಲಿಸುವ ಚಿತ್ರಕ್ಕೆ ಬರೋಣ. 1981ನೆಯ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂ.ಟಿ.ವಿ. ಎಂಬ, ದಿನವೆಲ್ಲ ಹಾಡಿನ ವಿಡಿಯೋಗಳನ್ನೇ ತೋರಿಸುವ ಟೆಲಿವಿಷನ್ ಕೇಂದ್ರ ಆರಂಭವಾಯಿತು. ವಿಡಿಯೋಗಳನ್ನು ಒದಗಿಸಿದವು ಹಾಡಿನ ಕಂಪನಿಗಳು. ಅವಕ್ಕೆ ಅದು ಜಾಹೀರಾತು, ಕೇಂದ್ರಕ್ಕೆ ಬಿಟ್ಟಿ ಮಾಲು. ವಿಡಿಯೋ ತೆಗೆದ ಖರ್ಚನ್ನು ಎಷ್ಟೋ ಕರಾರುಗಳಲ್ಲಿ ಆಮೇಲೆ ಹಾಡುಗಾರನ ಪಾಲಿನಿಂದಲೇ ಮುರಿದುಕೊಳ್ಳುತ್ತಿದ್ದರು. ಕೂಲಿಯಿಂದ ನೂಲಿನ ಹಾಳತವನ್ನು ಮುರಿದುಕೊಳ್ಳುವ ಮಾಲೀಕನನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ.

ಆ ಕೇಂದ್ರದ ಮೊದಲ ವರ್ಷಗಳಲ್ಲಿ ಕರಿಯ ಜನಾಂಗದ ಹಾಡುಗಾರರು ಕಂಡದ್ದು ತೀರ ಅಪರೂಪ. ಅಮೆರಿಕದ ಸಂಗೀತದ ಬೇರೇ ಅವರದು, ಕಿಟಕಿಯಲ್ಲಿ ಮಾತ್ರ ಅವರಿಗೆ ಜಾಗವಿರಲಿಲ್ಲ. 1983ರಲ್ಲಿ ಬಿಳಿಯ ಹಾಡುಗಾರ ಡೇವಿಡ್ ಬೋವಿ ಆ ಕೇಂದ್ರದವರಿಗೇ ಸಂದರ್ಶನ ಕೊಡುವಾಗ, ನಿಮ್ಮಲ್ಲಿ ಕರಿಯರು ಏಕೆ ಇಲ್ಲವೆಂದು ಎದುರಿಗೇ ಕೇಳಿದ. ಅದೇ ವರ್ಷ ಮೈಕೇಲ್ ಜ್ಯಾಕ್ಸನ್ನನ 'ಬಿಲ್ಲಿ ಜೀನ್' ವಿಡಿಯೋ ಅಲ್ಲಿ ಎಡೆಬಿಡದೆ ಓಡತೊಡಗಿತು. ಬಾಗಿಲು ತೆರೆಯಿತು. ಹೊರಗಿನ ಒತ್ತಾಯವೂ ಲಾಭದ ಲೆಕ್ಕವೂ ಕೂಡಿದ ಮೇಲೆ ತೆರೆಯಿತು ಎಂಬುದು ನಮ್ಮ ಮತ.

ಅದೇ ಜ್ಯಾಕ್ಸನ್ 1996ರಲ್ಲಿ, ನಮ್ಮ ಬಗ್ಗೆ ಅವರಿಗೆ ಚಿಂತೆಯಿಲ್ಲ ಎಂಬರ್ಥದ ಹಾಡಿಗೆ ವಿಡಿಯೋ ತೆಗೆಯಲು ಬ್ರೆಜಿಲ್ ದೇಶಕ್ಕೆ ಹೋದ. ನಿರ್ದೇಶಕ ಸ್ಪೈಕ್ ಲೀ. ರಿಯೊ ನಗರದ ಗುಡ್ಡದ ಮೇಲಿನ ಡೋನಾ ಮಾರ್ಟಾ ಎಂಬ ಬಡವರ ಕೇರಿಯಲ್ಲಿ ಚಿತ್ರೀಕರಣವೆಂದು ಗೊತ್ತಾಗುತ್ತಲೇ ಅಲ್ಲಿನ ಅಧಿಕಾರಸ್ಥರು ಅದನ್ನು ತಡೆಯಲು ನೋಡಿದರು. ಕೇರಿ ಪ್ರಪಂಚಕ್ಕೆ ಕಂಡರೆ ಪ್ರವಾಸಿಗರು ಬರುವುದಿಲ್ಲ, 2004ರ ಒಲಿಂಪಿಕ್ಸ್ ಸಿಗುವುದಿಲ್ಲ ಎಂಬ ಚಿಂತೆ! ಕೇರಿಯಲ್ಲಿ ಜನ ಹಾಗೆ ಬದುಕುತ್ತಿದ್ದಾರೆಂಬ ಚಿಂತೆ ಅವರನ್ನು ಅಷ್ಟಾಗಿ ಕಾಡಿದಂತಿಲ್ಲ. ಕೊನೆಗೆ ಚಿತ್ರೀಕರಣ ನಡೆಯಿತು. ಸಾಲ್ವಡೋರ್ ನಗರದಲ್ಲಿ ಓಲೋಡುಂ ತಂಡದ ಡೋಲಿನವರೂ ಅದರಲ್ಲಿ ಸೇರಿದರು. ಕೋಟ್ಯಾಧೀಶ ಹಾಡುಗಾರನಿಗೆ ಬಡವರ ಕೇರಿ ಬರಿಯ ಪರದೆಯಾಯಿತಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೂ ಸರ್ಕಾರದವರು ಮುಚ್ಚಬೇಕೆಂದಿದ್ದ ಕೇರಿ ಲೋಕಕ್ಕೆ ಕಂಡಿತು. ಹಾಡಿನ ಚಿತ್ರಗಳೆಲ್ಲ ಮೋಸವೆಂದು ನಾವು ಹೇಳದಿರುವುದು ಇದಕ್ಕಾಗಿಯೇ. ಅವು ಅಳಿಸಲೂ ಬಲ್ಲವು, ತೋರಿಸಲೂ ಬಲ್ಲವು.

ನೆರೆಮನೆಯ ಕತೆ

ದೂರದ ಮಾತು ಸಾಕು, ನಮ್ಮ ನೆರೆಯ ತಮಿಳುನಾಡಿಗೆ ಬರೋಣ. 2021ರ ಮಾರ್ಚಿಯಲ್ಲಿ 'ಎಂಜಾಯ್ ಎಂಜಾಮಿ' ಎಂಬ ಹಾಡು ಬಂತು. ಮಾತು ಬರೆದು ಹಾಡಿದವನು ದಲಿತ ಸಮುದಾಯದ ತರುಣ ಕವಿ ಅರಿವು. ಜೊತೆಗೆ ಹಾಡಿದವಳು ಧೀ. ಸಂಗೀತ ಸಂತೋಷ್ ನಾರಾಯಣನ್ ಅವರದು. ನೆಲವನ್ನು ಹಸನು ಮಾಡಿ ನೆಲವಿಲ್ಲದೆ ಉಳಿದವರ ಹಾಡು ಅದು. ಸಿಂಹಳದ ಚಹಾ ತೋಟಗಳಲ್ಲಿ ಕೂಲಿ ಮಾಡಿ ಬರಿಗೈಯಲ್ಲಿ ಮರಳಿದ ಅಜ್ಜಿಯ ನೆನಪು ಅದರ ಹಿಂದಿದೆ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಮೇಲೆ ಹೀಗೆ ಮರಳಿದ ಕುಟುಂಬಗಳಲ್ಲಿ ಕೆಲವು ನಮ್ಮ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಿಗೂ ಬಂದು ನೆಲೆಸಿವೆ. ಆದುದರಿಂದ ಆ ಹಾಡು ನಮಗೆ ಪರಕೀಯವಲ್ಲ.

ಹಾಡನ್ನು ಜನ ಕೋಟಿಗಟ್ಟಲೆ ಬಾರಿ ನೋಡಿದರು. ಅದೇ ವರ್ಷದ ಆಗಸ್ಟಿನಲ್ಲಿ 'ರೋಲಿಂಗ್ ಸ್ಟೋನ್ ಇಂಡಿಯಾ' ಎಂಬ ಇಂಗ್ಲಿಷ್ ಪತ್ರಿಕೆ ತನ್ನ ಮುಖಪುಟದಲ್ಲಿ ಈ ಹಾಡನ್ನು ಕೊಂಡಾಡಿತು. ಮುಖಪುಟದ ಮೇಲೆ ಧೀ ಇದ್ದಳು, ಬೇರೊಂದು ಹಾಡಿನ ಕಲಾವಿದನೂ ಇದ್ದ. ಅರಿವು ಇರಲಿಲ್ಲ. ಚಿತ್ರನಿರ್ದೇಶಕ ಪಾ. ರಂಜಿತ್ ಬಹಿರಂಗವಾಗಿ ಪ್ರತಿಭಟಿಸಿದರು, ಜನರೂ ದನಿಗೂಡಿಸಿದರು. ಆಮೇಲೆ ಪತ್ರಿಕೆ ಅರಿವಿನ ಚಿತ್ರವಿರುವ ಮುಖಪುಟವನ್ನೂ ಹೊರತಂದಿತು. ಹಾಡಿನಲ್ಲಿ ಯಾರ ಪಾಲು ಎಷ್ಟೆಂಬ ವಾದ ಮುಂದೆ ಆ ಕಲಾವಿದರೊಳಗೇ ನಡೆಯಿತು. ಅದರಲ್ಲಿ ತೀರ್ಪು ಹೇಳುವ ಅಧಿಕಾರ ನಮಗಿಲ್ಲ. ಆದರೆ ಭೂಹೀನರ ಹಾಡನ್ನು ಹೊಗಳುವ ಚಿತ್ರದಲ್ಲಿ, ಆ ಹಾಡಿನ ಮಾತು ಬರೆದ ಭೂಹೀನರ ಮಗನಿಗೆ ಜಾಗ ಸಿಗಲು ಕೂಗಾಡಬೇಕಾಯಿತಲ್ಲ, ಇದೇ ನಾವು ಹೇಳುವ ಪಾಠ.

2024ರಲ್ಲಿ ಸಂಗೀತ ನಿರ್ದೇಶಕರೇ ಬಹಿರಂಗವಾಗಿ, ಮೂರು ವರ್ಷವಾದರೂ ಆ ಹಾಡಿನಿಂದ ತಮಗೆ ಒಂದು ಕಾಸೂ ಬಂದಿಲ್ಲವೆಂದು ದೂರಿದರು. ಚಿತ್ರದಲ್ಲಿ ಮುಖವಿದ್ದವರಿಗೂ ಲೆಕ್ಕದ ಪುಸ್ತಕದಲ್ಲಿ ಜಾಗವಿರಬೇಕೆಂಬ ನಿಯಮವಿಲ್ಲ ಎಂದಾಯಿತು.

ಹಿಂಬದಿಯ ರಟ್ಟು

ನಮ್ಮ ಪೇಟೆಯ ಕ್ಯಾಸೆಟ್ಟಿನ ಅಂಗಡಿಗಳ ಕಾಲವನ್ನು ಬಲ್ಲವರಿಗೆ ನೆನಪಿರಬಹುದು. ಭಾವಗೀತೆಯ ಕ್ಯಾಸೆಟ್ಟು ಕೊಂಡರೆ ಮುಂದೆ ಚಿತ್ರ, ಒಳಗೆ ಕವಿಯ ಹೆಸರು, ಹಾಡಿದವರ ಹೆಸರು. ಕೆಲವದರಲ್ಲಿ ತಬಲ, ಕೊಳಲು ನುಡಿಸಿದವರ ಹೆಸರೂ ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಈಗ ಹಾಡು ಫೋನಿಗೆ ಬಂದಿದೆ. ಕ್ಯಾಸೆಟ್ಟಿನ ಅಂಗಡಿಗಳು ಮುಚ್ಚಿಹೋದವು. ಒಂದು ಅಡಿಯ ಚಿತ್ರ ಹೆಬ್ಬೆರಳಿನ ಉಗುರಿನಷ್ಟಾಯಿತು. ಹಿಂಬದಿಯ ರಟ್ಟಂತೂ ಇಲ್ಲವೇ ಇಲ್ಲ. ನುಡಿಸಿದವರ ಹೆಸರನ್ನು ಎಲ್ಲಿಯೋ ಒಂದು ಮೂಲೆಯಲ್ಲಿ ಹುಡುಕಬೇಕು, ಸಿಕ್ಕರೆ ಪುಣ್ಯ.

ಹೆಸರು ಹಾಕುವುದು ಮಾಲೀಕರ ದಯೆಯಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ತಿದ್ದುಪಡಿ ತಂದಾಗ, ಹಾಡಿದವರಿಗೂ ನುಡಿಸಿದವರಿಗೂ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನು ಕೊಡಲಾಯಿತು. ಬಳಕೆಯ ರೀತಿಯಿಂದಾಗಿ ಹೆಸರು ಬಿಡಬೇಕಾದ ಸಂದರ್ಭ ಮಾತ್ರ ಇದಕ್ಕೆ ಹೊರತು. ಸಿನಿಮಾ ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಧನದ ಪಾಲನ್ನು ಕಂಪನಿಗೆ ಬರೆದುಕೊಡಲಾಗದಂತೆಯೂ ಕಾನೂನಾಯಿತು. ಕನಿಷ್ಠ ಕೂಲಿಯ ಕಾನೂನಿನ ಹಾಗೆ ಇದು ಕೂಡ ಕಾಗದದ ಮೇಲಿದೆ. ಕಾಗದದಿಂದ ಇಳಿಯಬೇಕಾದರೆ ಕೇಳುವವರು ಬೇಕು.

ಆದುದರಿಂದ ನಮ್ಮ ವಿದ್ಯಾರ್ಥಿಗಳಿಗೆ ನಾವು ಹೇಳುವುದಿಷ್ಟು. ಪ್ರಬಂಧ ಬರೆಯಿರಿ, ಚೆನ್ನಾಗಿ ಬರೆಯಿರಿ. ಬಣ್ಣ, ಬೆಳಕು, ಉಡುಪು ಎಲ್ಲವನ್ನೂ ನೋಡಿರಿ. ಹಾಡು ಕೇಳಿ ಸಂತೋಷಪಡುವುದು ತಪ್ಪೇನಲ್ಲ, ದುಡಿದು ಬಂದವನಿಗೆ ಹಾಡು ಬೇಕು. ಆದರೆ ಹಾಳೆಯ ಕೊನೆಗೆ ನಾಲ್ಕು ಸಾಲು ಬೇರೆ ಬಿಡಿರಿ. ಈ ಚಿತ್ರಕ್ಕೆ ಹಣ ಹಾಕಿದವರು ಯಾರು? ದುಡಿದವರು ಯಾರು, ಅವರಿಗೆ ಸಿಕ್ಕಿದ್ದೆಷ್ಟು? ಚಿತ್ರದಲ್ಲಿ ಯಾರಿಲ್ಲ? ಇಲ್ಲದಂತೆ ಮಾಡಿದವರು ಯಾರು? ಉತ್ತರ ಸಿಗದಿದ್ದರೆ ಪ್ರಶ್ನೆಯನ್ನಾದರೂ ಬರೆದಿಡಿರಿ. ಅಂಕ ಕಡಿಮೆ ಬಂದರೆ ಬರಲಿ.

ತಂದೆತಾಯಿಗಳಿಗೂ ಒಂದು ಮಾತು. ಮಗ ಮಗಳು ಹಾಡಿನ ಚಿತ್ರ ನೋಡುತ್ತ ಕುಳಿತರೆ ಗದರಿಸಬೇಡಿರಿ, ಪಕ್ಕದಲ್ಲಿ ಕುಳಿತು ನೀವೂ ಕೇಳಿರಿ. ಲೇಬಲ್ಲನ್ನು ನೋಡಿ ಮಾಲನ್ನು ನಂಬಬಾರದೆಂದು ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಥಾನಿನ ಮೇಲೆ ನೇಯ್ದವನ ಹೆಸರು ಇರುವುದಿಲ್ಲವೆಂದು ಗಿರಣಿಯವರಿಗೂ ಗೊತ್ತು. ಈ ಎರಡು ತಿಳಿವಳಿಕೆಗಳನ್ನು ಮಕ್ಕಳಿಗೆ ದಾಟಿಸಿದರೆ, ಅವರ ಪುಸ್ತಕದಲ್ಲಿ ಇಲ್ಲದ ಅರ್ಧ ಪಾಠವನ್ನು ನೀವು ಕಲಿಸಿದಂತಾಗುತ್ತದೆ.