ಕುಷ್ಠವೆಂದರೆ ಯಾವ ರೋಗ? : ದೇಶೀಯ ವೈದ್ಯ ಪರಿಭಾಷೆಯ ಅನುವಾದ ಮತ್ತು ಅರ್ಥನಿರೂಪಣೆ

ಪ್ರಾಚೀನ ವೈದ್ಯಗ್ರಂಥಗಳ ಸಂಪಾದನೆಯಲ್ಲಾಗಲಿ, ಜನಪದ ವೈದ್ಯದ ಕ್ಷೇತ್ರಕಾರ್ಯದಲ್ಲಾಗಲಿ ನಾವು ಸಾಮಾನ್ಯವಾಗಿ ಅನುಸರಿಸುವ ಕ್ರಮವೊಂದಿದೆ. ರೋಗದ ಹಳೆಯ ಹೆಸರಿನ ಎದುರು ಇಂದಿನ ವೈದ್ಯಕೀಯದ ಒಂದು ಹೆಸರನ್ನು ಬರೆದು, ಅರ್ಥಕೋಶ ಸಿದ್ಧವಾಯಿತೆಂದು ಭಾವಿಸುತ್ತೇವೆ. ಇದು ಓದುಗನಿಗೆ ಅನುಕೂಲಕರವಾಗಿ ಕಂಡರೂ ಶಾಸ್ತ್ರಕ್ಕೆ ಅನ್ಯಾಯ ಮಾಡುವ ಕ್ರಮ. ವೈದ್ಯ ಪರಿಭಾಷೆಗೆ ಸಮಾನಪದಕ್ಕಿಂತ ಮೊದಲು ಬೇಕಾದುದು ಅರ್ಥನಿರೂಪಣೆ ಎಂಬುದು ಪ್ರಸ್ತುತ ಬರಹದ ನಿಲುವು.

'ಕುಷ್ಠ' ಎಂಬ ಪದವನ್ನೇ ಪರಿಶೀಲಿಸಬಹುದು. ಚರಕಸಂಹಿತೆಯು 7 ಮಹಾಕುಷ್ಠ ಮತ್ತು 11 ಕ್ಷುದ್ರಕುಷ್ಠಗಳೆಂದು ಒಟ್ಟು 18 ಬಗೆಗಳನ್ನು ಹೇಳುತ್ತದೆ. ನಮ್ಮ ಜನ ಹುಳುಕಡ್ಡಿ, ಗಜಕರ್ಣ ಎಂದು ಕರೆಯುವ ಚರ್ಮವ್ಯಾಧಿಗೆ ಹೊಂದುವ 'ದದ್ರು' ಚರಕನಲ್ಲಿ ಕ್ಷುದ್ರಕುಷ್ಠ, ಸುಶ್ರುತನಲ್ಲಿ ಮಹಾಕುಷ್ಠ. ಅಂದರೆ ಅಲ್ಲಿ ಕುಷ್ಠವೆಂಬುದು ಚರ್ಮರೋಗಗಳ ಒಂದು ವಿಶಾಲ ವರ್ಗ. ಇಂದಿನ ಕನ್ನಡದಲ್ಲಾದರೋ ಅದು, 1873ರಲ್ಲಿ ಹ್ಯಾನ್ಸನ್ ಗುರುತಿಸಿದ ರೋಗಾಣುವಿನಿಂದ ಬರುವ ಒಂದೇ ರೋಗದ ಹೆಸರು. ಈ ಅರ್ಥಸಂಕೋಚವನ್ನು ಮರೆತು ಹಳೆಯ ಗ್ರಂಥವನ್ನು ಓದಿದರೆ, ಹುಳುಕಡ್ಡಿಯ ಮದ್ದು ಕುಷ್ಠರೋಗದ ಮದ್ದಾಗುತ್ತದೆ. ತುರಿಕೆಯಿಂದ ಬಳಲಿದವನು ಊರಾಚೆಗೆ ಹೋಗಬೇಕಾದವನಾಗುತ್ತಾನೆ. ಈ ಪದಕ್ಕೆ ಅಂಟಿದ ಕಳಂಕವೂ ಅಲ್ಪವಾದುದಲ್ಲ. ಕುಷ್ಠರೋಗವು ವಿವಾಹ ವಿಚ್ಛೇದನಕ್ಕೆ ಕಾರಣವಾಗಬಲ್ಲದೆಂಬ ನಿಯಮವನ್ನು ನಮ್ಮ ವೈಯಕ್ತಿಕ ಕಾನೂನುಗಳಿಂದ ತೆಗೆದುಹಾಕಿದ್ದು 2019ರಲ್ಲಿ ಮಾತ್ರ. ಹೀಗಿರುವಾಗ ಅರ್ಥಕೋಶದ ಒಂದು ಸಾಲನ್ನು ನಿರಪಾಯಕಾರಿ ಎನ್ನಲಾಗದು.

ಕಲಬುರಗಿ ಪರಿಸರದ ಅಧ್ಯಾಪಕರಿಗೆ ಈ ಪ್ರಶ್ನೆ ಹೊರಗಿನದಲ್ಲ. ಇದೇ ಜಿಲ್ಲೆಯ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಸಂಸ್ಕೃತದಲ್ಲಿ 'ಕಲ್ಯಾಣಕಾರಕ'ವನ್ನು ರಚಿಸಿದ ಜೈನ ವೈದ್ಯ ಉಗ್ರಾದಿತ್ಯನ ಹೆಸರು ನೃಪತುಂಗನ ಆಸ್ಥಾನದೊಂದಿಗೆ ಸೇರಿಕೊಂಡಿದೆ. ಕಲ್ಯಾಣದ ಚಾಲುಕ್ಯ ವಂಶದ ಕೀರ್ತಿವರ್ಮನ 'ಗೋವೈದ್ಯ', ಪೂಜ್ಯಪಾದರ ಕೃತಿಯನ್ನು ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ', ಹದಿನಾಲ್ಕನೆಯ ಶತಮಾನದ ಮಂಗರಾಜನ ವಿಷವೈದ್ಯ ಗ್ರಂಥ 'ಖಗೇಂದ್ರಮಣಿದರ್ಪಣ' - ಇವೆಲ್ಲ ಶಾಸ್ತ್ರವನ್ನು ಕನ್ನಡದಲ್ಲಿ ಹೇಳುವ ಹೊಣೆಯನ್ನು ಹೊತ್ತ ಕೃತಿಗಳು. ಇವನ್ನು ನಾವು ಛಂದಸ್ಸು, ಭಾಷೆ, ಕಾಲನಿರ್ಣಯಗಳ ದೃಷ್ಟಿಯಿಂದ ಓದಿದಷ್ಟು ಪರಿಭಾಷೆಯ ದೃಷ್ಟಿಯಿಂದ ಓದಿಲ್ಲ.

ಈ ಭಾಗದ ಇನ್ನೊಂದು ವಿಶೇಷವೆಂದರೆ 1948ರವರೆಗಿನ ನಿಜಾಮ ಆಳ್ವಿಕೆ ಮತ್ತು ಅದರೊಂದಿಗೆ ಬೆಳೆದ ಉರ್ದು, ಯುನಾನಿ ಪರಂಪರೆ. ಆಸ್ಪತ್ರೆಗೆ 'ದವಾಖಾನೆ' ಎನ್ನುವ ನಮ್ಮ ಆಡುಮಾತು ಅದರ ಕುರುಹು. ಯುನಾನಿಯಲ್ಲಿ 'ಮಿಜಾಜ್' ಎಂದರೆ ಉಷ್ಣ, ಶೀತ, ಆರ್ದ್ರ, ಶುಷ್ಕ ಗುಣಗಳ ಮಿಶ್ರಣದಿಂದ ಉಂಟಾಗುವ ದೇಹಸ್ಥಿತಿ. ಕನ್ನಡಕ್ಕೆ ಬಂದ 'ಮಿಜಾಸು' ಬಿಂಕವನ್ನೂ ಗರ್ವವನ್ನೂ ಸೂಚಿಸುತ್ತದೆ. 'ಸ್ವಭಾವ' ಎಂದು ಅನುವಾದಿಸಿದರೆ ದೇಹ ಬಿಟ್ಟುಹೋಗುತ್ತದೆ; 'ಪ್ರಕೃತಿ' ಎಂದರೆ ಯುನಾನಿಯು ಆಯುರ್ವೇದವಾಗಿಬಿಡುತ್ತದೆ. ಬಲ್ಗಮ್ ಅನ್ನು ಕಫ, ಸಫ್ರಾವನ್ನು ಪಿತ್ತ ಎಂದು ಹೊಂದಿಸಿದರೂ ಸೌದಾಕ್ಕೆ ಜೋಡಿ ದೊರೆಯದು. ಅತ್ತ ವಾತವೂ ಒಂಟಿಯಾಗಿ ಉಳಿಯುತ್ತದೆ. ಕನ್ನಡ, ದಖನಿ, ಲಂಬಾಣಿ ಮಾತುಗಳು ಒಟ್ಟಿಗೆ ಬಾಳುವ ಕಮಲಾಪುರದಂತಹ ತಾಲ್ಲೂಕಿನಲ್ಲಿ ಪದಸಂಗ್ರಹ ಮಾಡುವ ಸಂಶೋಧಕನು ಈ ವ್ಯತ್ಯಾಸಗಳನ್ನು ದಾಖಲಿಸಬೇಕೇ ಹೊರತು ಅಳಿಸಬಾರದು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಬೇರೆ ಊರಿನ ಹಣ್ಣನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಅಂತಹ ರಕ್ಷಣೆ ನಮ್ಮ ವೈದ್ಯ ಪದಗಳಿಗೆ ಇಲ್ಲ.

ಚೀನೀ ವೈದ್ಯದ ಅನುವಾದಕರಲ್ಲಿಯೂ ಇಂತಹದೇ ವಾಗ್ವಾದ ನಡೆದಿದೆ. ಒಂದು ಬಗೆಯ ನೇತ್ರರೋಗಕ್ಕೆ ಚೀನೀ ಭಾಷೆಯಲ್ಲಿರುವ ಹೆಸರಿನ ಅರ್ಥ 'ಗಾಳಿ-ಬೆಂಕಿ ಕಣ್ಣು'. ಅದನ್ನು ಆಧುನಿಕ ವೈದ್ಯಕೀಯದ ಕಣ್ಣುರಿಯೂತದ ಹೆಸರಿನಿಂದಲೇ ಕರೆಯಬೇಕೆಂದು ಕೆಲವರು ಹೇಳಿದರು. 1998ರಲ್ಲಿ ಫೆಂಗ್ ಯೆ ಅವರೊಡನೆ ಚೀನೀ ವೈದ್ಯ ನಿಘಂಟನ್ನು ಪ್ರಕಟಿಸಿದ ನೈಜೆಲ್ ವೈಸ್‌ಮನ್ ಮೂಲಾನುಸಾರಿ ಅನುವಾದವನ್ನು ಸಮರ್ಥಿಸಿದರು. ಏಕೆಂದರೆ ಚಿಕಿತ್ಸೆ ನಿರ್ಧಾರವಾಗುವುದೇ ಗಾಳಿ ಮತ್ತು ಬೆಂಕಿ ಎಂಬ ಪರಿಕಲ್ಪನೆಗಳಿಂದ. ಅವನ್ನು ತೆಗೆದರೆ ವೈದ್ಯನ ತರ್ಕವೇ ಕಾಣೆಯಾಗುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗವರ್ಗೀಕರಣವು ಸಾಂಪ್ರದಾಯಿಕ ವೈದ್ಯಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿತು. 2024ರ ಜನವರಿಯಲ್ಲಿ ಆಯುರ್ವೇದ, ಸಿದ್ಧ, ಯುನಾನಿಗಳ ಭಾಗವು ದೆಹಲಿಯಲ್ಲಿ ಬಿಡುಗಡೆಯಾಯಿತು. ಎರಡೂ ಪದ್ಧತಿಗಳ ರೋಗನಿರ್ಣಯವನ್ನು ಅಕ್ಕಪಕ್ಕದಲ್ಲಿ ದಾಖಲಿಸಲು ಇಲ್ಲಿ ಅವಕಾಶವಿದೆ. ಇದು ನಿಘಂಟುಕಾರರಿಗೂ ಒಪ್ಪಬಹುದಾದ ಮಾರ್ಗ.

ರೋಗಿಗೆ ಅರ್ಥವಾಗುವ ಇಂದಿನ ಹೆಸರು ಬೇಡವೇ ಎಂಬ ಆಕ್ಷೇಪ ಸಹಜವಾದುದು. ಖಂಡಿತವಾಗಿಯೂ ಬೇಕು, ಆದರೆ ಅದು ಮೂಲಪದದ ಸ್ಥಾನವನ್ನು ಆಕ್ರಮಿಸಬಾರದು. ಮೂಲಪದ, ಆಯಾ ಶಾಸ್ತ್ರದೊಳಗಿನ ಅರ್ಥ, ಪ್ರಾದೇಶಿಕ ಬಳಕೆ, ಕೊನೆಗೆ ಆಧುನಿಕ ರೋಗನಾಮದೊಂದಿಗಿನ ಸಂಬಂಧ - ಪೂರ್ಣವೋ, ಭಾಗಶಃವೋ, ಸಂದಿಗ್ಧವೋ ಎಂಬ ಸೂಚನೆ - ಈ ನಾಲ್ಕು ಅಂಶಗಳು ಪ್ರತಿಯೊಂದು ನಮೂದಿನಲ್ಲಿಯೂ ಇರಬೇಕು. ಈ ಕೆಲಸವನ್ನು ವೈದ್ಯರಷ್ಟೇ ಮಾಡಲಾರರು, ಭಾಷಾಜ್ಞರಷ್ಟೇ ಮಾಡುವುದೂ ಸಲ್ಲದು. ಪದದ ಇತಿಹಾಸವನ್ನು ಬಲ್ಲ ಕನ್ನಡ ವಿಭಾಗಗಳು ಆಯುರ್ವೇದ, ಯುನಾನಿ ವಿದ್ವಾಂಸರೊಡನೆ ಕುಳಿತು, ಮೊದಲ ಹೆಜ್ಜೆಯಾಗಿ ಒಂದು ಕೃತಿಯ ಪರಿಭಾಷೆಯನ್ನಾದರೂ ಈ ಕ್ರಮದಲ್ಲಿ ಸಿದ್ಧಪಡಿಸಬೇಕು. 'ಖಗೇಂದ್ರಮಣಿದರ್ಪಣ' ಅದಕ್ಕೆ ತಕ್ಕ ಆರಂಭವಾದೀತು; ವಿಷ ಮತ್ತು ಮದ್ದುಗಳ ವಿಷಯದಲ್ಲಿ ಒಂದು ಪದ ತಪ್ಪಿದರೆ ಆಗುವ ಹಾನಿಯನ್ನು ಯಾರಿಗೂ ವಿವರಿಸಬೇಕಾಗಿಲ್ಲ.