ಮೊದಲು ಹಣ ಕಟ್ಟಿದವರಿಗೆ ಹಣ ಕಟ್ಟಿದ ದಿನದ ದರವೇ ನ್ಯಾಯ



ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ, ಹಸುಗಳ ಕೆಳಗೆ ಹಾಸುವ ರಬ್ಬರ್ ಮ್ಯಾಟ್ ಇವೆಲ್ಲ ಈಗ ದೊಡ್ಡ ಕೊಟ್ಟಿಗೆಯವರ ಸಾಮಾನಾಗಿ ಉಳಿದಿಲ್ಲ. ಮಕ್ಕಳು ಪೇಟೆ ಸೇರಿದ್ದಾರೆ, ಕರೆಯಲು ಆಳು ಸಿಗುವುದಿಲ್ಲ, ಮನೆಯ ಹೆಣ್ಣುಮಕ್ಕಳಿಗೆ ಬೆರಳು ಮತ್ತು ಸೊಂಟದ ನೋವು. ಹೀಗಾಗಿ ಎರಡು ಮೂರು ಹಸು ಕಟ್ಟಿದವರೂ ಯಂತ್ರದ ಮಾತು ಆಡುತ್ತಿದ್ದಾರೆ. ಕೊಳ್ಳುವ ಕ್ರಮ ಬಹಳ ಕಡೆ ಒಂದೇ. ಸಂಘದಲ್ಲಿ ಹೆಸರು ಬರೆಸುವುದು, ಸಹಾಯಧನ ಹೋಗಿ ಉಳಿದ ರೈತರ ವಂತಿಗೆಯನ್ನು ಮುಂಗಡವಾಗಿ ಕಟ್ಟುವುದು, ರಸೀದಿ ಇಟ್ಟುಕೊಂಡು ಸರದಿ ಕಾಯುವುದು. ಕೆಲವರು ಪೇಟೆಯ ಅಂಗಡಿಗೇ ಹೋಗಿ ಮುಂಗಡ ಕೊಟ್ಟು ಬರುತ್ತಾರೆ.

ಕಾಯುವುದಕ್ಕೆ ನಾವು ಹೊಸಬರಲ್ಲ. ಆದರೆ ಕಾಯುವುದು ತಿಂಗಳುಗಟ್ಟಲೆ ಎಳೆದು, ಕೊನೆಗೊಂದು ದಿನ, "ನೀವು ಹೇಳಿದ ಮಾಡೆಲ್ ನಿಂತುಹೋಗಿದೆ, ಈಗ ಸುಧಾರಿಸಿದ ಹೊಸ ಮಾಡೆಲ್ ಬಂದಿದೆ, ವ್ಯತ್ಯಾಸದ ಹಣ ಕಟ್ಟಿ ತೆಗೆದುಕೊಂಡು ಹೋಗಿ" ಎಂಬ ಮಾತು ಬಂದರೆ ಏನು ಮಾಡಬೇಕು? ಮುಂಗಡ ಕಟ್ಟಿದವರು ಆ ವ್ಯತ್ಯಾಸವನ್ನು ಕೊಡಬೇಕೇ? ಸರಬರಾಜುದಾರರು ಹೊರಬೇಕೇ? ಇಲ್ಲ ಒಕ್ಕೂಟ ತುಂಬಿಕೊಡಬೇಕೇ? ಈ ಪ್ರಶ್ನೆಗೆ ಮೊದಲೇ ನಿಯಮ ಬರೆದಿಟ್ಟುಕೊಳ್ಳದಿದ್ದರೆ ಪ್ರತಿ ಸಲವೂ ಸಂಘದ ಮೆಟ್ಟಿಲ ಮೇಲೆ ಜಗಳವೇ ಗತಿ. ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಇಲ್ಲಿ ಹೇಳುತ್ತೇನೆ.

ಹಾಲಿಗೆ ಇರುವ ನ್ಯಾಯ ಯಂತ್ರಕ್ಕೂ ಇರಲಿ

ನಮ್ಮ ಹಾಲಿನ ದರವನ್ನೇ ನೋಡಿ. ಮುಂದಿನ ತಿಂಗಳ 1ರಿಂದ ಲೀಟರಿಗೆ ಒಂದು ರೂಪಾಯಿ ಇಳಿಸಲಾಗಿದೆ ಎಂದು ಸುತ್ತೋಲೆ ಬಂದರೆ, ಹಿಂದಿನ ದಿನ ಸಂಜೆ ಅಳೆದ ಹಾಲಿಗೆ ಹಳೆಯ ದರವೇ. ಬಟವಾಡೆ ಹತ್ತು ದಿನ ತಡವಾಗಿ ಬಂದರೂ ಆ ಹಾಲಿಗೆ ಹೊಸ ದರ ಹಾಕುವುದಿಲ್ಲ. ದರ ಏರಿದಾಗಲೂ ಅಷ್ಟೇ. ನಿನ್ನೆ ಹಾಕಿದ ಹಾಲಿಗೆ ಇಂದಿನ ಏರಿದ ದರ ಕೊಡಿ ಎಂದು ನಾವು ಕೇಳುವುದಿಲ್ಲ. ಹಾಲು ಅಳೆದುಕೊಟ್ಟ ಹೊತ್ತಿಗೆ ನಮ್ಮ ಪಾಲಿನ ಕೆಲಸ ಮುಗಿಯಿತು, ಆ ಹೊತ್ತಿನ ದರ ಗಟ್ಟಿಯಾಯಿತು. ಇದನ್ನು ಎರಡೂ ಕಡೆಯವರು ಒಪ್ಪಿದ್ದಾರೆ.

ಯಂತ್ರಕ್ಕೂ ಇದೇ ನ್ಯಾಯ ಸಲ್ಲಬೇಕು. ಕೇಳಿದಷ್ಟು ವಂತಿಗೆಯನ್ನು ಹೇಳಿದ ದಿನದೊಳಗೆ ಕಟ್ಟಿ ರಸೀದಿ ಪಡೆದ ಸದಸ್ಯರು ತಮ್ಮ ಪಾಲಿನ ಕೆಲಸ ಮುಗಿಸಿದ್ದಾರೆ. ಅಲ್ಲಿಂದ ಮುಂದೆ ಆಗುವ ತಡ ಅವರದಲ್ಲ. ಅವರದಲ್ಲದ ತಡಕ್ಕೆ ಅವರಿಂದ ದಂಡ ಕಟ್ಟಿಸುವುದು ಹೇಗೆ ಸರಿ? ನಿನ್ನೆ ಬಂದು ಹೆಸರು ಬರೆಸಿದವರಿಗೂ ಎಂಟು ತಿಂಗಳು ಕಾದವರಿಗೂ ಒಂದೇ ಹೊಸ ದರ ಎಂದರೆ, ಕಾದವರು ಹಣ ಕಟ್ಟಿದ್ದಕ್ಕೆ ಬೆಲೆಯೇ ಇಲ್ಲದಂತಾಯಿತು. ಹಾಗಾದರೆ ಮುಂದಿನ ಸಲ ಮೊದಲೇ ಹಣ ಕಟ್ಟುವವರು ಯಾರು?

ವ್ಯತ್ಯಾಸದ ಹಣದ ನಿಜ ಭಾರ

ಒಂದು ಲೆಕ್ಕ ಹಾಕೋಣ. ಇದು ಸುಲಭಕ್ಕಾಗಿ ಇಟ್ಟುಕೊಂಡ ಅಂಕಿ, ಯಾವ ಯೋಜನೆಯದೂ ಅಲ್ಲ. ಯಂತ್ರದ ಬೆಲೆ 50,000 ರೂಪಾಯಿ, ಸಹಾಯಧನ ಅರ್ಧ, ರೈತರ ಪಾಲು 25,000. ಎಂಟು ತಿಂಗಳು ತಡವಾಗಿ ಬಂದ ಹೊಸ ಮಾಡೆಲ್‌ನ ಬೆಲೆ 62,000. ಸಹಾಯಧನ ಮಂಜೂರಾದದ್ದು 25,000 ರೂಪಾಯಿ ಎಂದೇ ಇರುವುದರಿಂದ ಅದು ಏರುವುದಿಲ್ಲ. ಹೆಚ್ಚಾದ 12,000 ಪೂರ್ತಿಯಾಗಿ ರೈತರ ತಲೆಗೇ ಬರುತ್ತದೆ. ಯಂತ್ರದ ಬೆಲೆ ಏರಿದ್ದು ಶೇ. 24, ರೈತರ ಪಾಲು ಏರಿದ್ದು ಶೇ. 48. "ಸ್ವಲ್ಪ ವ್ಯತ್ಯಾಸ ಅಷ್ಟೇ" ಎನ್ನುವವರು ಈ ಎರಡನೆಯ ಅಂಕಿಯನ್ನು ಹೇಳುವುದಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಕಟ್ಟಿದ 25,000 ಎಲ್ಲಿಂದ ಬಂತು? ಎಷ್ಟೋ ಮನೆಗಳಲ್ಲಿ ಅದು ಒಡವೆ ಅಡವಿಟ್ಟು ತಂದ ಹಣ. ವರ್ಷಕ್ಕೆ ಶೇ. 9 ಬಡ್ಡಿ ಎಂದುಕೊಂಡರೂ ಎಂಟು ತಿಂಗಳಿಗೆ 1,500 ರೂಪಾಯಿ ಆಗಲೇ ಹೋಗಿದೆ. ಆ ಹಣ ಅಷ್ಟು ದಿನ ಯಾರದೋ ವ್ಯವಹಾರಕ್ಕೆ ಬಂಡವಾಳವಾಗಿತ್ತು. ಬಂಡವಾಳ ಕೊಟ್ಟವರಿಂದಲೇ ಮತ್ತೆ ಹೆಚ್ಚಿನ ಹಣ ಕೇಳುವಾಗ ಈ ಬಡ್ಡಿಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬಂತಾಗುತ್ತದೆ.

ದೊಡ್ಡ ಕಂಪನಿಗಳು ಏನು ಮಾಡಿದವು?

ಇದೆಲ್ಲ ಹೇಳಲು ಚೆಂದ, ವ್ಯಾಪಾರದಲ್ಲಿ ನಡೆಯುವುದಿಲ್ಲ ಎನ್ನುವವರಿಗೆ ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಟಾಟಾ ನ್ಯಾನೊ ಕಾರು. 2008ರ ಜನವರಿಯಲ್ಲಿ ದೆಹಲಿಯ ವಾಹನ ಮೇಳದಲ್ಲಿ ರತನ್ ಟಾಟಾ ಅದನ್ನು ಒಂದು ಲಕ್ಷ ರೂಪಾಯಿಯ ಕಾರು ಎಂದು ತೋರಿಸಿದರು. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಕಾರ್ಖಾನೆ ಕಟ್ಟುತ್ತಿದ್ದಾಗ ಜಮೀನಿನ ಹೋರಾಟ ಜೋರಾಗಿ, ಅದೇ ವರ್ಷ ಅಕ್ಟೋಬರಿನಲ್ಲಿ ಕಂಪನಿ ಗುಜರಾತಿನ ಸಾನಂದಕ್ಕೆ ಹೋಗಬೇಕಾಯಿತು. ಕಾರು ತಡವಾಯಿತು. 2009ರ ಏಪ್ರಿಲ್‌ನಲ್ಲಿ ಬುಕಿಂಗ್ ತೆರೆದಾಗ ಎರಡು ಲಕ್ಷಕ್ಕೂ ಹೆಚ್ಚು ಜನ ಹಣ ಕಟ್ಟಿದರು. ಅಷ್ಟು ಕಾರು ಮಾಡುವ ಶಕ್ತಿ ಆಗ ಕಂಪನಿಗಿರಲಿಲ್ಲ. ಚೀಟಿ ಎತ್ತಿ ಮೊದಲ ಒಂದು ಲಕ್ಷ ಜನರನ್ನು ಆರಿಸಿದರು. ಆ ಒಂದು ಲಕ್ಷ ಜನರಿಗೆ, ಕಾರು ಕೈಗೆ ಬರುವುದು ಯಾವಾಗಲಾದರೂ ಸರಿ, ಮೊದಲು ಹೇಳಿದ ಬೆಲೆಯೇ ಎಂದು ಕಂಪನಿ ಮಾತು ಕೊಟ್ಟಿತು. ಸಾನಂದದ ಕಾರ್ಖಾನೆ ಶುರುವಾದದ್ದು 2010ರ ಜೂನ್‌ನಲ್ಲಿ. ಮುಂದೆ ಬಂದ ಗಿರಾಕಿಗಳಿಗೆ ಬೆಲೆ ಏರಿಸಿದಾಗಲೂ ಆ ಪಟ್ಟಿಯವರಿಗೆ ಏರಿಸಲಿಲ್ಲ. ಆ ಕಾರು ಕೊನೆಗೆ ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ ಎಂಬುದು ಬೇರೆ ಮಾತು. ಕಾದವರಿಗೆ ಹೊಸ ಬೆಲೆ ಹಾಕಲಿಲ್ಲ ಎಂಬುದಷ್ಟೇ ನಮಗೆ ಇಲ್ಲಿ ಬೇಕಾದದ್ದು.

ಎರಡನೆಯದು ಬೆಲೆ ಇಳಿದ ಕಥೆ. ಅಮೆರಿಕದ ಆ್ಯಪಲ್ ಕಂಪನಿ ತನ್ನ ಮೊದಲ ಐಫೋನನ್ನು 2007ರ ಜೂನ್ 29ರಂದು ಮಾರಾಟಕ್ಕೆ ತಂದಿತು. ಹೆಚ್ಚು ಸಾಮರ್ಥ್ಯದ ಫೋನಿಗೆ 599 ಡಾಲರ್. ಜನ ಸಾಲುಗಟ್ಟಿ ನಿಂತು ಕೊಂಡರು. ಎರಡು ತಿಂಗಳು ಕಳೆಯುತ್ತಲೇ ಸೆಪ್ಟೆಂಬರಿನಲ್ಲಿ ಕಂಪನಿ ಅದೇ ಫೋನಿನ ಬೆಲೆಯನ್ನು 399 ಡಾಲರಿಗೆ ಇಳಿಸಿತು. ಮೊದಲೇ ಕೊಂಡ ಅಭಿಮಾನಿಗಳು ಸಿಟ್ಟಾದರು. ನಂಬಿ ಮೊದಲು ಬಂದವರಿಗೇ ಏಟು ಎಂದರು. ಮಾರನೆಯ ದಿನವೇ ಕಂಪನಿಯ ಮುಖ್ಯಸ್ಥ ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದು, ಹೆಚ್ಚು ಬೆಲೆ ಕೊಟ್ಟವರಿಗೆ ಕಂಪನಿಯ ಅಂಗಡಿಯಲ್ಲಿ ಬಳಸಬಹುದಾದ 100 ಡಾಲರ್ ಜಮೆ ಕೊಡುವುದಾಗಿ ಹೇಳಿದರು. ಕೊಟ್ಟದ್ದು ಕಳೆದದ್ದರ ಅರ್ಧ ಮಾತ್ರ. ಆದರೂ ಕಾನೂನು ಕೇಳದಿದ್ದಾಗ, ಆ ಮಾರಾಟ ಮುಗಿದುಹೋಗಿದ್ದಾಗ, ಕೇವಲ ಗಿರಾಕಿಯ ವಿಶ್ವಾಸ ಉಳಿಸಿಕೊಳ್ಳಲು ಕೊಟ್ಟದ್ದು ಅದು.

ಲಾಭಕ್ಕೆಂದೇ ಇರುವ ಕಂಪನಿಗಳು ಇಷ್ಟು ಯೋಚಿಸುತ್ತವೆ. ಸಹಕಾರಿಯಲ್ಲಿ ನಾವು ಗಿರಾಕಿಗಳಷ್ಟೇ ಅಲ್ಲ, ಷೇರು ಹಾಕಿದ ಸದಸ್ಯರು. ನಮ್ಮ ಮನೆಯಲ್ಲಿ ಇನ್ನೂ ಒಂದು ಕೈ ಮೇಲೇ ಇರಬೇಕು.

ಮಾರುವವರ ಕಷ್ಟವೂ ಇದೆ

ಸರಬರಾಜುದಾರರ ಮಾತನ್ನೂ ಕೇಳಬೇಕು. ಕಬ್ಬಿಣ, ತಾಮ್ರ, ಮೋಟಾರು, ಸಾಗಾಣಿಕೆ ಎಲ್ಲದರ ಬೆಲೆ ಏರುತ್ತದೆ. ಸಣ್ಣ ವ್ಯಾಪಾರಿ ಕೈಯಿಂದ ಹಾಕಿ ಮಾರಲಾರ. ಇದು ಸುಳ್ಳಲ್ಲ. ಆದರೆ ಏರಿಕೆಯಲ್ಲಿ ಮೂರು ಬಗೆ ಇದೆ, ಮೂರನ್ನೂ ಒಂದೇ ಚೀಲಕ್ಕೆ ತುಂಬಬಾರದು.

ಮೊದಲನೆಯದು ತೆರಿಗೆ. 2022ರ ಜುಲೈ 18ರಿಂದ ಹಾಲು ಕರೆಯುವ ಯಂತ್ರಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 18ಕ್ಕೆ ಏರಿತ್ತು. ಇಂಥದ್ದು ಸರ್ಕಾರದ ತೀರ್ಮಾನ, ವ್ಯಾಪಾರಿಯದಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಒಪ್ಪಂದದ ನಂತರ ಏರಿದ ತೆರಿಗೆಯನ್ನು ಮಾರುವವರು ಕೇಳಬಹುದು. ಅದೇ ಕಾಯ್ದೆ, ತೆರಿಗೆ ಇಳಿದರೆ ಇಳಿದಷ್ಟನ್ನು ಕೊಳ್ಳುವವರು ಕಡಿತ ಮಾಡಿ ಕೊಡಬಹುದು ಎಂದೂ ಹೇಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಹಾಲಿನ ಕ್ಯಾನಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಏರಿದಾಗ ಕೇಳುವವರು ಇಳಿದಾಗಲೂ ನೆನಪಿಟ್ಟುಕೊಳ್ಳಬೇಕು.

ಎರಡನೆಯದು ಕಚ್ಚಾ ಸಾಮಾನಿನ ಏರಿಕೆ. ಹೇಳಿದ ದಿನದೊಳಗೆ ಯಂತ್ರ ಕೊಟ್ಟಿದ್ದರೆ ಈ ಏರಿಕೆ ತಗಲುತ್ತಲೇ ಇರಲಿಲ್ಲ. ತಡ ಮಾಡಿದವರೇ ಹೊರಬೇಕು.

ಮೂರನೆಯದು ಹೊಸ ಮಾಡೆಲ್‌ನ ಹೆಚ್ಚಿನ ಅನುಕೂಲ. ಕಾಸಿಗೆ ತಕ್ಕ ಕಜ್ಜಾಯ ಎನ್ನುವುದು ನಿಜ. ಕರೆಂಟು ಹೋದಾಗಲೂ ನಡೆಯುವಂತೆ ಪೆಟ್ರೋಲ್ ಎಂಜಿನ್ ಸೇರಿಸಿದ್ದರೆ ಅದಕ್ಕೆ ಬೆಲೆ ಇದೆ. ಆದರೆ ಆ ಕಜ್ಜಾಯ ನಾವು ಕೇಳಿದ್ದೇ? ಎರಡು ಹಸುವಿನ ಮನೆಗೆ ಎರಡು ಬಕೆಟ್ಟಿನ ಯಂತ್ರ ತಂದು ಇಟ್ಟು ಇದು ಸುಧಾರಿಸಿದ್ದು ಎಂದರೆ, ತೊಳೆಯುವ ಕೆಲಸ ಹೆಚ್ಚಾಯಿತೇ ಹೊರತು ಬೇರೇನಿಲ್ಲ. ಬೇಕು ಎಂದವರು ಹೆಚ್ಚು ಕೊಟ್ಟು ಕೊಳ್ಳಲಿ. ಬೇಡ ಎಂದವರ ಮೇಲೆ ಹೇರಬಾರದು.

ಒಕ್ಕೂಟವೇ ತುಂಬಿಕೊಡಲಿ ಎಂಬ ಮಾತು

ಸಭೆಗಳಲ್ಲಿ ಸುಲಭವಾಗಿ ಬರುವ ಉತ್ತರ ಇದು. ಚಪ್ಪಾಳೆಯೂ ಬೀಳುತ್ತದೆ. ಆದರೆ ಒಕ್ಕೂಟದ ಹಣ ಎಂದರೆ ಯಾರ ಹಣ? ದಿನಕ್ಕೆ ನಾಲ್ಕು ಲೀಟರ್ ಹಾಕುವ, ಯಂತ್ರದ ಯೋಚನೆಯನ್ನೇ ಮಾಡಲಾಗದ ಒಂಟಿ ಹಸುವಿನ ತಾಯಿಯ ಹಣವೂ ಅದರಲ್ಲಿದೆ. ಸರಬರಾಜುದಾರರು ಮಾಡಿದ ತಡಕ್ಕೆ ಆಕೆಯ ಪಾಲಿನಿಂದ ದುಡ್ಡು ತೆಗೆಯುವುದು ಒಂದು ಅನ್ಯಾಯ ಮುಚ್ಚಲು ಇನ್ನೊಂದು ಅನ್ಯಾಯ ಮಾಡಿದಂತೆ. ಆದ್ದರಿಂದ ಭಾರವನ್ನು ಸಾಮಾನ್ಯ ನಿಧಿಯ ಮೇಲೆ ಹಾಕುವ ಬದಲು ಟೆಂಡರಿನ ಕರಾರಿನಲ್ಲಿ ಮೊದಲೇ ಕಟ್ಟಿಹಾಕಬೇಕು. ಒಕ್ಕೂಟದ ಕಡೆಯಿಂದಲೇ ಮಂಜೂರಾತಿ ತಡವಾಗಿದ್ದರೆ ಮಾತ್ರ ಅಷ್ಟರ ಹೊಣೆಯನ್ನು ಒಕ್ಕೂಟ ಹೊರಲಿ.

ನಾವು ಕೇಳಬೇಕಾದ ಐದು ನಿಯಮ

ಒಂದು: ಪೂರ್ತಿ ವಂತಿಗೆ ಕಟ್ಟಿದ ದಿನದ ದರವೇ ಕೊನೆಯ ದರ. ತೆರಿಗೆ ಏರಿದರೆ ಅಷ್ಟು ಮಾತ್ರ ಸೇರಲಿ, ಇಳಿದರೆ ಕಳೆಯಲಿ. ಕೊಟ್ಟಿಗೆ ಸಿದ್ಧವಿಲ್ಲ, ಸಾಲ ಆಗಿಲ್ಲ ಎಂದು ರೈತರೇ ಮುಂದೂಡಿದ್ದರೆ ಈ ರಕ್ಷಣೆ ಇಲ್ಲ.

ಎರಡು: ಹಳೆಯ ಮಾಡೆಲ್ ನಿಂತುಹೋಗಿದ್ದರೆ, ಅದೇ ಕೆಲಸ ಮಾಡುವ ಹೊಸ ಮಾಡೆಲನ್ನು ಹಳೆಯ ದರಕ್ಕೇ ಕೊಡಬೇಕು. ಅದಕ್ಕಿಂತ ದೊಡ್ಡದನ್ನು ಬೇಕೆಂದವರಿಂದ ಹೆಚ್ಚಿನ ಭಾಗದ ಬೆಲೆಯನ್ನು ಮಾತ್ರ ಪಡೆಯಬೇಕು.

ಮೂರು: ಕೊಡುವ ದಿನ ಕರಾರಿನಲ್ಲಿ ಬರೆದಿರಬೇಕು. ಆ ದಿನ ಮೀರಿದರೆ ಮುಂಗಡಕ್ಕೆ ಬಡ್ಡಿ, ಬೇಡ ಎಂದವರಿಗೆ ಬಡ್ಡಿ ಸಮೇತ ಪೂರ್ತಿ ಹಣ ವಾಪಸ್.

ನಾಲ್ಕು: ಸರದಿ ಪಟ್ಟಿ ಸಂಘದ ಫಲಕದ ಮೇಲೆ ಇರಬೇಕು. ಹೆಚ್ಚು ಹಣ ಕೊಡಲು ಒಪ್ಪಿದವರು ಸರದಿ ಹಾರಿ ಮುಂದೆ ಹೋಗುವಂತಿರಬಾರದು.

ಐದು: ಹೊಸ ಮಾಡೆಲ್ ಬಂದ ಮಾತ್ರಕ್ಕೆ ಹಳೆಯದನ್ನು ಕೊಂಡವರನ್ನು ಕೈಬಿಡಬಾರದು. ರಬ್ಬರ್ ಲೈನರ್, ಪೈಪು, ಪಲ್ಸೇಟರ್ ಮೊದಲಾದ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂಬುದೂ ಬರಹದಲ್ಲಿರಬೇಕು. ಲೈನರ್ ಸಿಗದೆ ಹಳತನ್ನೇ ಬಳಸಿದರೆ ಕೆಚ್ಚಲಿಗೇ ತೊಂದರೆ.

ಅಂಗಡಿಯಲ್ಲಿ ನೇರವಾಗಿ ಮುಂಗಡ ಕೊಡುವವರು ಮಾಡೆಲ್‌ನ ಹೆಸರು, ಒಟ್ಟು ಬೆಲೆ, ಕೊಡುವ ದಿನ ಈ ಮೂರನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. ಬರೀ "ಮುಂಗಡ ಜಮೆ" ಎಂದಿದ್ದರೆ ನಾಳೆ ವಾದಿಸಲು ಏನೂ ಉಳಿಯುವುದಿಲ್ಲ. ಹಾಲು ವ್ಯಾಪಾರಕ್ಕೆಂದು ಕೊಂಡ ಯಂತ್ರ, ಹಾಗಾಗಿ ನೀವು ಗ್ರಾಹಕರಲ್ಲ ಎಂದು ಯಾರಾದರೂ ಹೇಳಿದರೆ ಹೆದರಬೇಡಿ. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲೆಂದೇ ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರೆಂದೇ ಎಣಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿನ ಶುಲ್ಕವೂ ಇಲ್ಲ.

ಆದರೆ ಸಂಘದ ಮೂಲಕ ಕೊಂಡದ್ದಕ್ಕೆ ನಾವು ಆಯೋಗದವರೆಗೆ ಹೋಗಬೇಕಾಗಿಯೇ ಬರಬಾರದು. ವಾರ್ಷಿಕ ಸರ್ವಸದಸ್ಯರ ಸಭೆ ಇರುವುದು ಊಟ ಮಾಡಿ ಬರುವುದಕ್ಕಲ್ಲ. ನಿಮ್ಮ ಸಂಘದ ಆಡಳಿತ ಮಂಡಳಿಗೆ ಈ ಐದು ಅಂಶಗಳನ್ನು ಬರವಣಿಗೆಯಲ್ಲಿ ಕೊಡಿ, ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ, ನಿಮ್ಮ ಸಂಘದ ಪ್ರತಿನಿಧಿ ಅದನ್ನು ಒಕ್ಕೂಟದ ಸಭೆಯಲ್ಲಿ ಎತ್ತಲಿ. ಮುಂದಿನ ಯಂತ್ರ ಖರೀದಿಯ ಟೆಂಡರ್ ಕರೆಯುವ ಮೊದಲೇ ಈ ಕೆಲಸ ಆಗಬೇಕು. ಟೆಂಡರ್ ಮುಗಿದ ಮೇಲೆ ಕೇಳಿದರೆ, ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬರುತ್ತದೆ, ಆ ವರ್ಷವೂ ವ್ಯತ್ಯಾಸದ ಹಣವನ್ನು ಕಾದವರೇ ಕಟ್ಟುತ್ತಾರೆ.