ಆಟ ಬರುತ್ತದೆ, ಕನ್ನಡ ಬರುವುದು ಯಾವಾಗ?

ನಾನು ಸಾಹಿತಿಯಲ್ಲ, ಭಾಷಣಕಾರನೂ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರಿಂಟಿಂಗ್ ಪ್ರೆಸ್ಸಿಗೆ ಬಂದು ಕೂತವನು. ಬಸವಕಲ್ಯಾಣದಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಚುನಾವಣೆ ಬಂದರೆ ಎಲ್ಲ ಪಕ್ಷಗಳ ಪಾಂಪ್ಲೆಟ್ಟು ಅಚ್ಚು ಹಾಕುವುದೇ ನನ್ನ ಹೊಟ್ಟೆಪಾಡು. ಕನ್ನಡದ ಬಗ್ಗೆ ದೊಡ್ಡವರು ಬರೆದದ್ದನ್ನು ಅಚ್ಚು ಹಾಕಿದ್ದೇನೆಯೇ ಹೊರತು ನಾನೇ ಬರೆದವನಲ್ಲ. ಆದರೆ ಮೊನ್ನೆ ನನ್ನ ಅಂಗಡಿಯಲ್ಲಿ ನಡೆದ ಒಂದು ಸಣ್ಣ ಸಂಗತಿ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ.

ನಮ್ಮ ಅಣ್ಣನ ಮಗ ಡಿಗ್ರಿ ಎರಡನೇ ವರ್ಷದಲ್ಲಿದ್ದಾನೆ. ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಬಂದ. ಮೊಬೈಲ್ ಮುಂದೆ ಹಿಡಿದು, "ಕಾಕಾ, ಇದರ ಪ್ರಿಂಟ್ ತಗದು ಕೊಡ್ರಿ" ಅಂದ. ನೋಡಿದರೆ ಮೂವತ್ತೆಂಟು ಪುಟ, ಎಲ್ಲ ಇಂಗ್ಲಿಷು.

"ಯಾವ ಪರೀಕ್ಷಿ ನೋಟ್ಸಪಾ?"

"ಪರೀಕ್ಷಿದಲ್ರೀ ಕಾಕಾ, ಗೇಮಿಂದು. ಹೊಸಾದು ಬರೋದ್ರಾಗ ಹಳೇದು ಪೂರಾ ಮುಗಸಬೇಕಂತ ಮಾಡೀವಿ."

ಹೊಸದು ಎಂದರೆ ಜಿಟಿಎ ಎಂಬ ವಿಡಿಯೋ ಗೇಮಿನ ಆರನೆಯ ಭಾಗ. ಇದರ ಐದನೆಯ ಭಾಗ 2013ರ ಸೆಪ್ಟೆಂಬರಿನಲ್ಲಿ ಬಂದಾಗ ಮೂರೇ ದಿನದಲ್ಲಿ 100 ಕೋಟಿ ಡಾಲರ್ ವ್ಯಾಪಾರ ಮಾಡಿತ್ತು. ಇಲ್ಲಿಯವರೆಗೆ 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಆರನೆಯದರ ಮೊದಲ ಟ್ರೇಲರ್ 2023ರ ಡಿಸೆಂಬರಿನಲ್ಲಿ ಬಂತು. 2025ರಲ್ಲಿ ಆಟ ಬರುತ್ತದೆ ಅಂದರು. ಆಮೇಲೆ 2026ರ ಮೇ 26 ಅಂದರು. ಅದನ್ನೂ ಮುಂದಕ್ಕೆ ಹಾಕಿ 2026ರ ನವೆಂಬರ್ 19 ಅಂದರು. ನಮ್ಮ ಹುಡುಗರಿಗೆ ಪರೀಕ್ಷೆಯ ತಾರೀಖು ನೆನಪಿಲ್ಲ, ಈ ತಾರೀಖುಗಳೆಲ್ಲ ಬಾಯಿಪಾಠ! ಇದು ಹದಿನೆಂಟು ದಾಟಿದವರ ಆಟ. ಗುಂಡು, ದರೋಡೆ ಎಲ್ಲ ಇದೆ. ಚಿಕ್ಕ ಮಕ್ಕಳ ಕೈಗೆ ಕೊಡಿ ಎಂದು ನಾನು ಹೇಳುತ್ತಿಲ್ಲ. ನನ್ನ ಮಾತು ಬೇರೆ.

ಮೂವರಲ್ಲಿ ಒಬ್ಬ ಹುಮನಾಬಾದ್ ಕಡೆಯ ಹಳ್ಳಿಯ ಹುಡುಗ. ಹತ್ತನೆಯವರೆಗೆ ಕನ್ನಡ ಶಾಲೆ. ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ 2021ರಲ್ಲಿ ಬಂದಾಗಲೇ ಅದರ ಬೆಲೆ 49,990 ರೂಪಾಯಿ. ಅಷ್ಟು ರೊಕ್ಕ ಇವರ ಮನೆಯಲ್ಲಿ ಎಲ್ಲಿಂದ ಬರಬೇಕು? ಅದಕ್ಕೆ ಹುಮನಾಬಾದಿನಲ್ಲಿ ತಾಸಿನ ಲೆಕ್ಕದಲ್ಲಿ ಆಡಿಸುವ ಅಂಗಡಿಗೆ ಹೋಗುತ್ತಾರೆ. ಕೈಚಳಕದಲ್ಲಿ ಆ ಹುಡುಗನನ್ನು ಮೀರಿಸುವವರಿಲ್ಲವಂತೆ. ಆದರೆ ಪರದೆಯ ಮೇಲೆ ಇಲ್ಲಿ ಹೋಗು, ಅದನ್ನು ತೆಗೆದುಕೋ, ಇಷ್ಟರೊಳಗೆ ಮುಗಿಸು ಎಂದು ಇಂಗ್ಲಿಷಿನಲ್ಲಿ ಬರುವುದು ಓಡಿಹೋಗುತ್ತದೆ. ಓದುವಷ್ಟರಲ್ಲಿ ಆಟ ಮುಗಿದಿರುತ್ತದೆ. ಪಕ್ಕದಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಓದಿದ ಒಬ್ಬ ಕೂತು ಓದಿ ಹೇಳಬೇಕು. ಅದಕ್ಕೆ ಬದಲಾಗಿ ಅವನು ಆಡುವ ತಾಸಿನ ರೊಕ್ಕವನ್ನೂ ಈ ಹುಡುಗನೇ ಕೊಡಬೇಕು.

"ಅಂದ್ರ ಓದಿ ಹೇಳಾಕ ಪಗಾರ ಕೊಟ್ಟಂಗಾತಲ್ಲೋ" ಅಂದೆ. ಹುಡುಗ ತಲೆ ತಗ್ಗಿಸಿ ನಕ್ಕ. "ಹಂಗೇ ತಿಳ್ಕೋರಿ ಕಾಕಾ."

ಆ ನಗು ನನ್ನ ಎದೆಗೆ ನಾಟಿತು. ಕನ್ನಡ ನಾಡಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಕಲಿತ ತಪ್ಪಿಗೆ ಆಟ ಆಡುವುದಕ್ಕೂ ಸುಂಕ ಕಟ್ಟಬೇಕೇ? ಕೆಲಸಕ್ಕೆ ಇಂಗ್ಲಿಷ್ ಬೇಕು, ಬ್ಯಾಂಕಿಗೆ ಹಿಂದಿ ಬೇಕು ಎಂದು ಇಷ್ಟು ದಿನ ಕೇಳಿದೆವು. ಈಗ ಆಟಕ್ಕೂ ಕನ್ನಡ ಸಾಲದು!

ಟ್ರೆಡಲ್ ಮಶೀನಿನ ಮೇಲೆ ಮೂವತ್ತು ಜೀವ

ನನ್ನ ಕಾಲದಲ್ಲೂ ಈ ಹುಚ್ಚು ಇತ್ತು. 1993ರ ಸುಮಾರಿಗೆ ನನಗೆ ಹನ್ನೆರಡು ವರ್ಷ. ಹುಮನಾಬಾದಿನಲ್ಲಿ ನಮ್ಮ ಸೋದರಮಾವನ ಮನೆ. ಅಲ್ಲೊಂದು ಅಂಗಡಿಯಲ್ಲಿ ಟಿವಿಗೆ ಜೋಡಿಸಿ ಆಡುವ ಡಬ್ಬಿ, ಹಳದಿ ಕ್ಯಾಸೆಟ್ಟು. ಕರೆಂಟು ಹೋದರೆ ಆಟ ಮತ್ತೆ ಮೊದಲಿನಿಂದ! ಕಾಂಟ್ರಾ ಎಂಬ ಆಟದಲ್ಲಿ ಮೂರೇ ಜೀವ. ಆದರೆ ಶುರುವಿನಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಒತ್ತಿದರೆ ಮೂವತ್ತು ಜೀವ. ಈ ಗುಟ್ಟನ್ನು ಮಾಡಿದವನು ಜಪಾನಿನ ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೊಟೊ. 1986ರಲ್ಲಿ ಗ್ರೇಡಿಯಸ್ ಎಂಬ ಆಟಕ್ಕೆಂದು ಮಾಡಿದ್ದು. ಆತ 2020ರಲ್ಲಿ ತೀರಿಕೊಂಡ. ಜಪಾನಿನ ಗುಟ್ಟು ಹುಮನಾಬಾದಿಗೆ ಬಂದದ್ದು ಬಾಯಿಂದ ಬಾಯಿಗೆ, ನಮ್ಮ ಮಾತಿನಲ್ಲೇ.

ನಾನು ಅದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಯಾವ ಗೋಡೆಯ ಹಿಂದೆ ಶತ್ರು, ಎಲ್ಲಿ ಹಾರಬೇಕು, ಎಲ್ಲಿ ಮಲಗಬೇಕು ಎಂಬುದೆಲ್ಲ ಅದರಲ್ಲಿತ್ತು. ಒಂದು ಭಾನುವಾರ ಅಪ್ಪ ಊರಿಗೆ ಹೋದಾಗ ಮೊಳೆ ಜೋಡಿಸಿ, ಕಟಿಂಗ್‌ನಲ್ಲಿ ಉಳಿದ ಕಾಗದದ ಮೇಲೆ ಟ್ರೆಡಲ್ ಮಶೀನಿನಲ್ಲಿ ನಾಲ್ಕು ಪುಟದ ಪುಸ್ತಕ ಒತ್ತಿದೆ. ಐವತ್ತು ಪ್ರತಿ, ಬೆಲೆ ಐವತ್ತು ಪೈಸೆ. ಎರಡೇ ದಿನದಲ್ಲಿ ಖಾಲಿ. ಅಪ್ಪನಿಗೆ ಗೊತ್ತಾಗಿ ಕಪಾಳಕ್ಕೆ ಒಂದು ಬಿಗಿದರು. ಆಮೇಲೆ ಉಳಿದಿದ್ದ ಒಂದು ಪ್ರತಿ ಕೈಗೆತ್ತಿಕೊಂಡು ಕನ್ನಡಕ ಹಾಕಿಕೊಂಡು ಓದಿ, ಎರಡು ಒತ್ತಕ್ಷರ ತಪ್ಪಿದ್ದವು, ತಿದ್ದಿದರು. ನನ್ನ ಬದುಕಿನ ಮೊದಲ ಪ್ರಕಟಣೆ ಅದು.

ಇದನ್ನು ಹುಡುಗಾಟ ಎಂದು ನಗಬೇಡಿ. 1985ರಲ್ಲಿ ಜಪಾನಿನಲ್ಲಿ ಅತಿ ಹೆಚ್ಚು ಮಾರಾಟವಾದ ಪುಸ್ತಕ ಯಾವುದು ಗೊತ್ತೇ? ಕಾದಂಬರಿಯಲ್ಲ, ಧರ್ಮಗ್ರಂಥವಲ್ಲ. ಸೂಪರ್ ಮಾರಿಯೋ ಆಟವನ್ನು ಗೆಲ್ಲುವುದು ಹೇಗೆ ಎಂಬ ಕೈಪಿಡಿ! ಅದೂ ಜಪಾನೀ ಭಾಷೆಯಲ್ಲಿ. ಅಮೆರಿಕದಲ್ಲಿ 1988ರಲ್ಲಿ ನಿಂಟೆಂಡೋ ಪವರ್ ಎಂಬ ಪತ್ರಿಕೆಯೇ ಶುರುವಾಯಿತು. 1990ರಲ್ಲಿ ಹುಟ್ಟಿದ ಪ್ರೈಮಾ ಎಂಬ ಪ್ರಕಾಶನ ಆಟದ ಕೈಪಿಡಿಗಳನ್ನೇ ಮಾರಿ ಬೆಳೆಯಿತು. ಇಂಟರ್ನೆಟ್ಟಿನಲ್ಲಿ ಎಲ್ಲ ಪುಕ್ಕಟೆ ಸಿಗತೊಡಗಿದ ಮೇಲೆ, 2018ರಲ್ಲಿ ಆ ವ್ಯಾಪಾರ ಮುಚ್ಚುವುದಾಗಿ ಹೇಳಿತು. ಕೈಪಿಡಿ ಸತ್ತಿಲ್ಲ, ಕಾಗದದಿಂದ ಪರದೆಗೆ ಹೋಗಿದೆ. ಆದರೆ ಅಲ್ಲಿಯೂ ನಮ್ಮ ಹುಡುಗರಿಗೆ ಸಿಗುವುದು ಹೆಚ್ಚಾಗಿ ಇಂಗ್ಲಿಷು, ಇಲ್ಲದಿದ್ದರೆ ಹಿಂದಿ. ಕನ್ನಡದಲ್ಲಿ ಮಾತಾಡುತ್ತ ಆಡಿ ತೋರಿಸುವ ಹುಡುಗರು ಇದ್ದಾರೆ, ಅವರಿಗೆ ನನ್ನ ಶರಣು. ಆದರೆ ಆ ಸಾಲು ಇನ್ನೂ ಚಿಕ್ಕದು.

ಪೋಲಿಷ್‌ಗೆ ಇರುವ ಮರ್ಯಾದೆ ಕನ್ನಡಕ್ಕೆ ಏಕಿಲ್ಲ?

ಈಗ ಲೆಕ್ಕಕ್ಕೆ ಬನ್ನಿ. ಜಿಟಿಎ ಐದನೆಯ ಭಾಗದಲ್ಲಿ ಪಾತ್ರಗಳ ಮಾತು ಇಂಗ್ಲಿಷಿನಲ್ಲೇ ಇದೆ. ಆದರೆ ಕೆಳಗೆ ಬರುವ ಅಕ್ಷರ ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್, ಕೊರಿಯನ್, ಚೀನೀ, ಜಪಾನೀ, ಪೋಲಿಷ್ ಭಾಷೆಗಳಲ್ಲಿ ಸಿಗುತ್ತದೆ. ಕನ್ನಡ ಇಲ್ಲ. ಭಾರತದ ಯಾವ ಭಾಷೆಯೂ ಇಲ್ಲ.

ಪೋಲೆಂಡ್ ದೇಶದ ಜನಸಂಖ್ಯೆ 4 ಕೋಟಿಯೊಳಗೆ. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ತಲೆ ಎಣಿಸಿದರೆ ನಾವೇ ಹೆಚ್ಚು. "ನಿಮ್ಮವರು ರೊಕ್ಕ ಕೊಟ್ಟು ಕೊಳ್ಳುವುದಿಲ್ಲ, ಕದ್ದ ಕಾಪಿ ಆಡುತ್ತಾರೆ" ಎಂದು ವ್ಯಾಪಾರಿಗಳು ಹೇಳಬಹುದು. ಪೋಲೆಂಡಿನಲ್ಲೂ ಅದೇ ಕಥೆ ಇತ್ತು! 1994ರಲ್ಲಿ ಅಲ್ಲಿ ಇಬ್ಬರು ಗೆಳೆಯರು ಸಿಡಿ ಪ್ರೊಜೆಕ್ಟ್ ಎಂಬ ಕಂಪನಿ ಕಟ್ಟಿದರು. ಬೀದಿಯಲ್ಲಿ ಕದ್ದ ಸಿಡಿಗಳ ರಾಶಿ. ಇವರು ಏನು ಮಾಡಿದರು? ಬಾಲ್ಡರ್ಸ್ ಗೇಟ್ ಎಂಬ ದೊಡ್ಡ ಆಟವನ್ನು ಪೂರ್ತಿ ಪೋಲಿಷ್‌ಗೆ ತಂದು, ಹೆಸರಾಂತ ನಟರಿಂದ ಮಾತಾಡಿಸಿ, ಡಬ್ಬಿಯೊಳಗೆ ನಕ್ಷೆ, ನಿಯಮದ ಪುಸ್ತಕ ಎಲ್ಲ ಇಟ್ಟು 1999ರಲ್ಲಿ ಮಾರಿದರು. ಮೊದಲ ದಿನವೇ 18 ಸಾವಿರ ಪ್ರತಿ ಹೋಯಿತು. ತನ್ನ ಭಾಷೆಯಲ್ಲಿ ಅಚ್ಚುಕಟ್ಟಾಗಿ ಸಿಕ್ಕರೆ ಕದಿಯುವವನೂ ಕೊಳ್ಳುತ್ತಾನೆ. ಮುಂದೆ ಅದೇ ಕಂಪನಿ ತನ್ನ ನಾಡಿನ ಲೇಖಕ ಸಪ್ಕೋವ್‌ಸ್ಕಿಯ ಕಥೆಗಳನ್ನು ಹಿಡಿದು 2007ರಲ್ಲಿ ವಿಚರ್ ಎಂಬ ಸ್ವಂತ ಆಟ ಮಾಡಿತು. 2015ರಲ್ಲಿ ಬಂದ ಅದರ ಮೂರನೆಯ ಭಾಗವನ್ನು ಜಗತ್ತೆಲ್ಲ ಆಡಿತು. ಮೊದಲು ಅನುವಾದ ಮತ್ತು ಅಚ್ಚಾದ ಪುಸ್ತಕ, ಆಮೇಲೆ ಸ್ವಂತ ಆಟ. ದಾರಿ ಇದು!

ಬೋರ್ಡಿನ ಮೇಲೆ ಕನ್ನಡ, ಬಾಗಿಲೊಳಗೆ?

ನಮಗೆ ಕೈಲಾಗದು ಎನ್ನುವಂತಿಲ್ಲ. ಭಾರತದ ಮೊದಲ ವಿಡಿಯೋ ಗೇಮ್ ಕಂಪನಿ ಧ್ರುವ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1997ರಲ್ಲಿ. 2019ರಲ್ಲಿ ಅದನ್ನು ಕೊಂಡವರು ಜಿಟಿಎ ಮಾಡುವ ರಾಕ್‌ಸ್ಟಾರ್ ಕಂಪನಿಯವರೇ. ಬೆಂಗಳೂರಿನ ಅವರ ಕಚೇರಿ 2018ರ ರೆಡ್ ಡೆಡ್ ರಿಡೆಂಪ್ಷನ್ 2 ಆಟಕ್ಕೆ ದುಡಿದಿದೆ. ಅದರಲ್ಲೂ ಪೋಲಿಷ್ ಇದೆ, ಕನ್ನಡ ಇಲ್ಲ. ಅನಿಮೇಷನ್ ಮತ್ತು ಗೇಮಿಂಗಿಗೆಂದು ದೇಶದಲ್ಲೇ ಮೊದಲು ನೀತಿ ಮಾಡಿದ ರಾಜ್ಯ ಕರ್ನಾಟಕ, 2012ರಲ್ಲಿ. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ನೆಲ ನಮ್ಮದು, ನೀರು ನಮ್ಮದು, ವಿದ್ಯುತ್ತು ನಮ್ಮದು, ರಿಯಾಯಿತಿ ನಮ್ಮ ತೆರಿಗೆಯದು. ಪರದೆಯ ಮೇಲೆ ಮಾತ್ರ ನಮ್ಮ ಅಕ್ಷರಕ್ಕೆ ಜಾಗವಿಲ್ಲ!

ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದಿದರು. ಹೋರಾಡಿದವರಿಗೆ ಕೈಮುಗಿಯುತ್ತೇನೆ. ಆದರೆ ಹುಮನಾಬಾದಿನ ಆ ಆಟದ ಅಂಗಡಿಯ ಬೋರ್ಡು ಕನ್ನಡದಲ್ಲೇ ಇದೆ ಸ್ವಾಮಿ! ಬಾಗಿಲು ದಾಟಿದರೆ ಒಂದಕ್ಷರ ಕನ್ನಡವಿಲ್ಲ. ನಮ್ಮ ಹುಡುಗರು ದಿನಕ್ಕೆ ಬೋರ್ಡು ನೋಡುವುದು ಎಷ್ಟು ಹೊತ್ತು, ಪರದೆ ನೋಡುವುದು ಎಷ್ಟು ಹೊತ್ತು?

ಅಕ್ಷರ ಮೂಡಿಸಲಾಗದು ಎಂಬ ನೆಪವೂ ಸಲ್ಲದು. ಮೊಳೆಯಲ್ಲಿ ಒತ್ತಕ್ಷರ ಕೂರಿಸಲು ನನ್ನ ಅಪ್ಪ ಪಟ್ಟ ಪಾಡು ನನಗೆ ಗೊತ್ತು. ಈಗ ಆ ಕಷ್ಟ ಎಲ್ಲಿದೆ? 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡ ಇದೆ. ಪ್ರತಿ ಮೊಬೈಲಿನಲ್ಲೂ ಕನ್ನಡ ಮೂಡುತ್ತದೆ. ಇಲ್ಲದಿರುವುದು ಮನಸ್ಸು.

ಇನ್ನೊಂದು ಎಚ್ಚರಿಕೆ. ನಾಳೆ ಈ ಕಂಪನಿಗಳು ಹಿಂದಿಯೊಂದನ್ನು ಸೇರಿಸಿ, ಭಾರತದವರಿಗೆ ಭಾರತದ ಭಾಷೆ ಕೊಟ್ಟೆವು ಎಂದು ಕೈ ತೊಳೆದುಕೊಳ್ಳಬಹುದು. ಆಗ ಎಚ್ಚೆತ್ತು ಕೂಗಿದರೆ ಏನೂ ಆಗದು. ಕೇಳಬೇಕಾದ್ದು ಈಗ.

ನಮ್ಮ ತಪ್ಪೂ ಇದೆ

ಬೇರೆಯವರನ್ನು ಬೈದದ್ದು ಸಾಕು, ನಮ್ಮ ಬೆನ್ನನ್ನೂ ನೋಡಿಕೊಳ್ಳೋಣ. ಡಬ್ಬಿಂಗ್ ಬಂದರೆ ಕನ್ನಡ ಕೆಡುತ್ತದೆ ಎಂದು ದಶಕಗಳ ಕಾಲ ಬಾಗಿಲು ಹಾಕಿ ಕೂತೆವು. 2015ರಲ್ಲಿ ಸ್ಪರ್ಧಾ ಆಯೋಗ ಆ ನಿಷೇಧ ತಪ್ಪು ಎಂದಿತು. ಅಷ್ಟರೊಳಗೆ ನಮ್ಮ ಮಕ್ಕಳು ಕಾರ್ಟೂನನ್ನು ಹಿಂದಿಯಲ್ಲಿ ನೋಡಿ ಹಿಂದಿ ಕಲಿತಾಗಿತ್ತು. ಗಡಿ ಜಿಲ್ಲೆಯವನಾಗಿ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಬಸವಕಲ್ಯಾಣದ ಓಣಿಗಳಲ್ಲಿ ಕನ್ನಡ ಮನೆಯ ಮಕ್ಕಳೂ ಆಟಕ್ಕಿಳಿದ ಕೂಡಲೇ ಹಿಂದಿಗೆ ತಿರುಗುತ್ತಾರೆ. ಯಾರೂ ಹೇರಲಿಲ್ಲ, ಆಟವೇ ಕಲಿಸಿತು.

ನಮ್ಮ ಅಜ್ಜ ನಿಜಾಮನ ಕಾಲದಲ್ಲಿ ಉರ್ದುವಿನಲ್ಲಿ ಶಾಲೆ ಕಲಿತವರು. ಸರ್ಕಾರ, ಕೋರ್ಟು, ಶಾಲೆ ಎಲ್ಲ ಉರ್ದು. ಆದರೂ 1956ರಲ್ಲಿ ಬೀದರ್ ಕನ್ನಡ ರಾಜ್ಯಕ್ಕೆ ಸೇರುವವರೆಗೆ ಕನ್ನಡ ಉಳಿದದ್ದು ಎಲ್ಲಿ? ಅಡುಗೆಮನೆಯಲ್ಲಿ, ಭಜನೆಯಲ್ಲಿ, ಹೊಲದ ಹಾಡಿನಲ್ಲಿ, ಮಕ್ಕಳ ಆಟದಲ್ಲಿ. ಆಗ ಕಚೇರಿಯಲ್ಲಿ ಕನ್ನಡ ಇರಲಿಲ್ಲ, ಆಟದಲ್ಲಿ ಇತ್ತು. ಈಗ ಕಚೇರಿಯಲ್ಲಿ ಇದೆ, ಆಟದಿಂದ ಹೋಗುತ್ತಿದೆ. ಯಾವುದು ಹೆಚ್ಚು ಅಪಾಯ, ನೀವೇ ಹೇಳಿ.

ಪಂಡಿತರಿಗೂ ಒಂದು ಮಾತು. ಮಿಷನ್, ಲೆವೆಲ್, ಸೇವ್ ಎಂಬುದಕ್ಕೆ ಯಾರ ಬಾಯಿಗೂ ಬಾರದ ಸಂಸ್ಕೃತ ಪದ ಕಟ್ಟಿ ತಂದರೆ ಹುಡುಗರು ಓಡಿಹೋಗುತ್ತಾರೆ. ಆ ಪದಗಳು ಹಾಗೇ ಇರಲಿ. ಸುತ್ತಲಿನ ಮಾತು ನಮ್ಮದಾಗಲಿ. ಇದೇ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಶರಣರು ದೇವರ ಮಾತನ್ನೇ ಆಡುಗನ್ನಡಕ್ಕೆ ತಂದರು. ಆಟದ ಮಾತು ತರುವುದು ನಮಗೆ ಕಷ್ಟವೇ?

ಹಾಗಾದರೆ ಏನು ಮಾಡಬೇಕು?

ಒಂದು, ಸರ್ಕಾರ. ಗೇಮಿಂಗ್ ನೀತಿಯಡಿ ರಿಯಾಯಿತಿ ಪಡೆಯುವ ಪ್ರತಿ ಕಂಪನಿಯೂ ತನ್ನ ಆಟದಲ್ಲಿ ಕನ್ನಡ ಅಕ್ಷರದ ಆಯ್ಕೆ ಕೊಡಬೇಕು ಎಂದು ಷರತ್ತು ಹಾಕಲಿ. ಧ್ವನಿ ಬೇಡ, ಅಕ್ಷರ ಸಾಕು. ಅದಕ್ಕೆ ಬೇಕಾಗುವುದು ನಾಲ್ಕು ಜನ ಅನುವಾದಕರು ಮತ್ತು ಒಬ್ಬ ಒಳ್ಳೆಯ ಪ್ರೂಫ್ ರೀಡರ್.

ಎರಡು, ಸಂಘಟನೆಗಳು. ಬೋರ್ಡಿಗೆ ಮಸಿ ಬಳಿಯುವ ಕೈ ಈ ಕಂಪನಿಗಳಿಗೆ ಒಂದು ಪತ್ರವನ್ನೂ ಬರೆಯಲಿ. ಹೆಸರು, ಊರು ಹಾಕಿ ಸಾವಿರ ಪತ್ರ ಹೋದರೆ ಗಿರಾಕಿ ಇದ್ದಾನೆ ಎಂದು ಅವರಿಗೆ ತಿಳಿಯುತ್ತದೆ.

ಮೂರು, ನಾವು. ಬಲ್ಲವರು ಬಲ್ಲಷ್ಟನ್ನು ಕನ್ನಡದಲ್ಲಿ ಬರೆಯಲಿ.

ಮೂರನೆಯದನ್ನು ನಾನು ಶುರು ಮಾಡಿದ್ದೇನೆ. ಆ ಮೂವತ್ತೆಂಟು ಪುಟಗಳ ಪ್ರಿಂಟು ತೆಗೆಯಲಿಲ್ಲ. "ಯಾರದೋ ಬರೆದದ್ದು ಯಾಕ? ನೀವು ಆಡಿದ್ದು ನೀವೇ ಬರೀರಿ, ನಾ ಅಚ್ಚ ಹಾಕ್ತೀನಿ" ಅಂದೆ. ಅಣ್ಣನ ಮಗನಿಗೆ ಕನ್ನಡ ಬರೆಯಲು ಬರುತ್ತದೆ, ಆದರೆ ಸಾಲಿಗೆ ನಾಲ್ಕು ತಪ್ಪು. ಪೆನ್ನು ಹಿಡಿದದ್ದು ಆ ಕನ್ನಡ ಶಾಲೆಯ ಹುಡುಗ. ಈಗ ಅಣ್ಣನ ಮಗ ಓದಿ ಹೇಳುತ್ತಾನೆ, ಅವನು ಆಡುತ್ತಾನೆ, ರಾತ್ರಿ ಕೂತು ಬರೆಯುತ್ತಾನೆ. ಓದಿ ಹೇಳುವುದಕ್ಕೆ ರೊಕ್ಕ ಕೊಡುವುದು ನಿಂತಿದೆ. ಅವನ ಬರಹ ಇವನಿಗೆ ಬೇಕು, ಇವನ ಓದು ಅವನಿಗೆ ಬೇಕು.

ಇಪ್ಪತ್ನಾಲ್ಕು ಪುಟ, ಇನ್ನೂರು ಪ್ರತಿ. ಲಾಭ ಬಾರದು, ಗೊತ್ತು. ಮೊದಲ ಪ್ರೂಫು ನನ್ನ ಟೇಬಲ್ಲಿನ ಮೇಲಿದೆ. ನಿನ್ನೆ ರಾತ್ರಿ ಕನ್ನಡಕ ಹಾಕಿಕೊಂಡು ಕೂತು ಓದಿದೆ. ಎರಡೇ ಒತ್ತಕ್ಷರ ತಪ್ಪಿದ್ದವು. ತಿದ್ದಿದ್ದೇನೆ.

ಕನ್ನಡಿಗರೇ, ಹೊಸ ಆಟಕ್ಕೆ ಜಗತ್ತು ವರ್ಷಗಟ್ಟಲೆ ಕಾಯಬಲ್ಲದು. ಕನ್ನಡ ಅಷ್ಟು ಕಾಲ ಕಾಯಲಾರದು.